ಹಳೇ ಸಣ್ಣ ವಿಮಾನದ ರೇಡಿಯೋ, ಗೈರೋ, ಸ್ಕ್ರೀನ್: ರಿಪೇರಿ ಮಾಡಿಸಿದವರು ಅನುಭವ ಹೇಳಿ

ಪ್ರಶ್ನೆ

ನಾವು ಮೂವರು ಸೇರಿ ಒಂದು ಹಳೇ ವಿಮಾನ ಇಟ್ಟುಕೊಂಡಿದ್ದೇವೆ. ಒಂದೇ ಎಂಜಿನ್, ನಾಲ್ಕು ಸೀಟು. ಎರಡನೇ ರೇಡಿಯೋ ಆಗಾಗ ಕೈಕೊಡುತ್ತದೆ. ಟವರ್ ಮಾತಾಡುವುದು ನಮಗೆ ಕೇಳಿಸುತ್ತದೆ, ನಮ್ಮ ಮಾತು ಅವರಿಗೆ ಹೋಗುವುದಿಲ್ಲ. ವರ್ಕ್‌ಶಾಪಿನವರು ರೇಡಿಯೋ ಬಿಚ್ಚಿ ಟೇಬಲ್ ಮೇಲಿಟ್ಟರೆ ಚೆನ್ನಾಗೇ ಕೆಲಸ ಮಾಡುತ್ತದೆ! "ಇದೆಲ್ಲ ಹಳೇ ಕಾಲದ್ದು, ಇಡೀ ಪ್ಯಾನೆಲ್ ಕಿತ್ತು ಗ್ಲಾಸ್ ಹಾಕಿಸಿ" ಅನ್ನುತ್ತಿದ್ದಾರೆ. ಗ್ಲಾಸ್ ಅಂದರೆ ಮುಳ್ಳಿನ ಮೀಟರುಗಳ ಬದಲು ಸ್ಕ್ರೀನ್. ನಮ್ಮ ಗೈರೋಗಳು (ಒಳಗೆ ಚಕ್ರ ತಿರುಗುತ್ತಾ ವಿಮಾನದ ವಾಲಿಕೆ, ದಿಕ್ಕು ತೋರಿಸುವ ಮೀಟರುಗಳು) ಇನ್ನೂ ಗಾಳಿ ಹೀರುವ ವ್ಯಾಕ್ಯೂಮ್ ಪಂಪಿನ ಮೇಲೇ ಓಡುತ್ತಿವೆ. ಗ್ಲಾಸ್ ಪ್ಯಾನೆಲ್ಲನ್ನು ನಿಜಕ್ಕೂ ಅಷ್ಟು ನಂಬಬಹುದಾ? ಪ್ರತಿ ವರ್ಷ ನೀವೆಲ್ಲ ಏನೇನು ಚೆಕ್ ಮಾಡಿಸುತ್ತೀರಿ?

ಉತ್ತರ 1

ಪ್ಯಾನೆಲ್ ಕೀಳಿಸುವ ಮಾತು ಸದ್ಯಕ್ಕೆ ಪಕ್ಕಕ್ಕಿಡಿ ಸರ್. ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಹಾಗಾಗುತ್ತದೆ. ಬಂದು ಹೋಗುವ ದೋಷ ರೇಡಿಯೋ ಪೆಟ್ಟಿಗೆಯೊಳಗೆ ಇರುವುದು ಕಡಿಮೆ. ನಾನು ಕಂಡಂತೆ ಹೊರಗೇ ಜಾಸ್ತಿ: ಕನೆಕ್ಟರ್, ವೈರ್, ಗ್ರೌಂಡ್, ಆಂಟೆನಾ, ಹೆಡ್‌ಸೆಟ್ ಜ್ಯಾಕ್.

ಕೇಳಿಸುತ್ತದೆ, ಮಾತು ಹೋಗುವುದಿಲ್ಲ ಅಂದಿರಲ್ಲ, ಅದೇ ದೊಡ್ಡ ಸುಳಿವು. ಬರೀ ಕೇಳುವಾಗ ರೇಡಿಯೋ ಎಳೆಯುವ ಕರೆಂಟ್ ತೀರಾ ಕಡಿಮೆ. ಪಿಟಿಟಿ ಬಟನ್ (ಮಾತಾಡಲು ಒತ್ತುವುದು) ಒತ್ತಿದ ಕೂಡಲೇ ಹಲವು ಆಂಪಿಯರ್ ಬೇಕಾಗುತ್ತದೆ. ಎಲ್ಲೋ ಒಂದು ಪಿನ್ ಸಡಿಲವಾಗಿದ್ದರೆ, ಗ್ರೌಂಡ್ ವೈರಿನ ತುದಿಗೆ ಕಿಲುಬು ಹಿಡಿದಿದ್ದರೆ ಕೇಳುವಾಗ ಗೊತ್ತೇ ಆಗುವುದಿಲ್ಲ. ಒತ್ತಿದಾಗ ವೋಲ್ಟೇಜ್ ಕುಸಿದು ಬಣ್ಣ ಬಯಲಾಗುತ್ತದೆ. ಆಂಟೆನಾ ಕಡೆಯ ತೊಂದರೆಯೂ ಹೀಗೇ. ಟವರ್ ಹತ್ತಿರವಿದ್ದರೆ ಅರ್ಧಂಬರ್ಧ ಕೇಬಲ್ಲಿನಲ್ಲೂ ಕೇಳಿಸುತ್ತದೆ, ಆದರೆ ನಿಮ್ಮ ದನಿ ಹೊರಗೆ ಹೋಗುವುದಿಲ್ಲ.

ಮೊದಲು ಕಾಸು ಖರ್ಚಿಲ್ಲದ್ದನ್ನು ಮಾಡಿ. ಬೇರೆ ಹೆಡ್‌ಸೆಟ್ ಹಾಕಿ ನೋಡಿ. ಪಕ್ಕದ ಸೀಟಿನ ಪಿಟಿಟಿ ಒತ್ತಿ ನೋಡಿ. ಅಲ್ಲಿಂದ ಮಾತು ಹೋದರೆ ರೇಡಿಯೋ ಮುಟ್ಟುವುದೇ ಬೇಡ, ತೊಂದರೆ ನಿಮ್ಮ ಕಡೆಯ ಬಟನ್ನಿನಲ್ಲೋ ಜ್ಯಾಕಿನಲ್ಲೋ ಇದೆ.

ಅದೂ ಅಲ್ಲದಿದ್ದರೆ, ಎರಡು ರೇಡಿಯೋಗಳೂ ಒಂದೇ ಮಾಡೆಲ್ ಆಗಿದ್ದರೆ, ಅದಲು ಬದಲು ಮಾಡಿಸಿ. (ನಿಯಮ ಮಾಲೀಕರಿಗೆ ಬಿಡದಿದ್ದರೆ ಲೈಸೆನ್ಸ್ ಇರುವ ಎಂಜಿನಿಯರ್ ಕೈಲಿ.) ಮುಂಭಾಗದ ಸಣ್ಣ ತೂತಿಗೆ ಅಲೆನ್ ಕೀ ಹಾಕಿ ತಿರುಗಿಸಿದರೆ ರೇಡಿಯೋ ಟ್ರೇಯಿಂದ ಮುಂದಕ್ಕೆ ಜಾರಿ ಬರುತ್ತದೆ. ಹೊರಗೆ ಬಂದಾಗ ಹಿಂದಿನ ಕನೆಕ್ಟರನ್ನು ಟಾರ್ಚ್ ಹಾಕಿ ನೋಡಿ. ಹೊಳೆಯುವ ಪಟ್ಟಿಗಳ ನಡುವೆ ಒಂದೆರಡು ಮಂಕಾಗಿದ್ದರೆ ಅವೇ ಕಳ್ಳರು. ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ. ಪೆನ್ಸಿಲ್ ಅಳಿಸುವ ರಬ್ಬರ್ ಹಾಕಿ ಉಜ್ಜುವವರಿದ್ದಾರೆ, ನನಗದು ಇಷ್ಟವಿಲ್ಲ. ಮೇಲಿನ ಚಿನ್ನದ ಲೇಪ ಸವೆದು ಹೋಗುತ್ತದೆ. ವಾಪಸ್ ಹಾಕುವಾಗ ಕೊನೆವರೆಗೂ ಕೂತಿದೆಯಾ ನೋಡಿ. ಟ್ರೇಯಲ್ಲಿ ಕೂದಲೆಳೆಯಷ್ಟು ಮುಂದೆ ನಿಂತ ರೇಡಿಯೋ ನೆಲದ ಮೇಲೆ ಚೆನ್ನಾಗಿದ್ದು, ಎಂಜಿನ್ ನಡುಕಕ್ಕೆ ಕೈಕೊಡುತ್ತದೆ.

ಬದಲಾಯಿಸಿದ ಮೇಲೆ ದೋಷ ರೇಡಿಯೋ ಜೊತೆ ಹೋಯಿತಾ, ಹಳೇ ಜಾಗದಲ್ಲೇ ಉಳಿಯಿತಾ? ಅದರ ಮೇಲೆ ಮುಂದಿನ ಮಾತು.

ಟೇಬಲ್ ಮೇಲೆ ಸರಿಯಾಗಿ ಓಡುವುದರಲ್ಲಿ ಆಶ್ಚರ್ಯವೇನಿಲ್ಲ. ಅಲ್ಲಿ ನಡುಕವಿಲ್ಲ, ಬಿಸಿಯಿಲ್ಲ, ನಿಮ್ಮ ವಿಮಾನದ ವೈರೂ ಇಲ್ಲ. ಬಿಸಿಲಲ್ಲಿ ನಿಂತ ವಿಮಾನದ ಪ್ಯಾನೆಲ್ ಹಿಂದೆ ಕೈಯಿಟ್ಟು ನೋಡಿ, ಗೊತ್ತಾಗುತ್ತದೆ. ಬಹಳಷ್ಟು ವಿಮಾನಗಳಲ್ಲಿ ರೇಡಿಯೋಗಳಿಗೆ ಗಾಳಿ ಊದುವ ಪುಟ್ಟ ಫ್ಯಾನ್ ಇರುತ್ತದೆ. ಅದು ನಿಂತುಹೋದರೆ ಹೇಳುವ ದೀಪ ಹೆಚ್ಚಿನವುಗಳಲ್ಲಿ ಇಲ್ಲ. ಎಂಜಿನ್ ಶುರು ಮಾಡುವ ಮುಂಚೆ ಏವಿಯಾನಿಕ್ಸ್ ಸ್ವಿಚ್ (ರೇಡಿಯೋ ಮುಂತಾದ ಎಲೆಕ್ಟ್ರಾನಿಕ್ಸ್‌ಗೆ ಕರೆಂಟ್ ಕೊಡುವುದು) ಒಮ್ಮೆ ಹಾಕಿ, ಸುಮ್ನೆ ಕಿವಿಗೊಡಿ. ಫ್ಯಾನಿನ ಸದ್ದು ಕೇಳಬೇಕು. ಆಮೇಲೆ ಸ್ವಿಚ್ ಆಫ್ ಮಾಡಿಯೇ ಸ್ಟಾರ್ಟ್ ಮಾಡಿ. ಹತ್ತು ಡಿಗ್ರಿ ಬಿಸಿ ಏರಿದರೆ ಆಯಸ್ಸು ಅರ್ಧ ಅನ್ನುವುದು ಎಲೆಕ್ಟ್ರಾನಿಕ್ಸ್‌ನವರ ಹಳೇ ಲೆಕ್ಕ. ಪೂರ್ತಿ ಕರಾರುವಾಕ್ಕಲ್ಲ, ಆದರೆ ಫ್ಯಾನ್ ಸತ್ತ ವಿಮಾನದಲ್ಲಿ ಒಂದಾದ ಮೇಲೊಂದು ರೇಡಿಯೋ ಹೋಗುವುದನ್ನು ಕಂಡವರಿಗೆ ಅರ್ಥವಾಗುತ್ತದೆ.

ಇನ್ನೊಂದು. ವರ್ಕ್‌ಶಾಪಿಗೆ "ರೇಡಿಯೋ ಕೆಲಸ ಮಾಡ್ತಿಲ್ಲ" ಅಂತ ಬರೆದುಕೊಟ್ಟರೆ "ಪರೀಕ್ಷಿಸಿದೆವು, ದೋಷವಿಲ್ಲ" ಅಂತ ಬಿಲ್ ಬರುತ್ತದೆ. ಯಾವ ರೇಡಿಯೋ, ಯಾವ ಫ್ರೀಕ್ವೆನ್ಸಿ, ಹಾರಾಟ ಶುರುವಾಗಿ ಎಷ್ಟು ಹೊತ್ತಿಗೆ, ಆಗ ವೋಲ್ಟೇಜ್ ಎಷ್ಟಿತ್ತು, ಲ್ಯಾಂಡಿಂಗ್ ಲೈಟ್ ಹಾಕಿದ್ದಿರಾ, ಇಷ್ಟು ಬರೆಯಿರಿ. ಸ್ಕ್ರೀನ್ ಮೇಲೆ ಸಂದೇಶ ಬಂದರೆ ಜೊತೆಗಿರುವವರು ಫೋಟೋ ತೆಗೆಯಲಿ. ನೀವು ವಿಮಾನ ಹಾರಿಸಿ.

ಪ್ರಶ್ನೆ ಕೇಳಿದವರು

ಥ್ಯಾಂಕ್ಸ್ ಸರ್. ಅದಲು ಬದಲು ಮಾಡಿಸಿದೆವು. ದೋಷ ಹಳೇ ಜಾಗದಲ್ಲೇ ಉಳಿಯಿತು! ಎಂಜಿನಿಯರ್ ಆ ಟ್ರೇಯಿಂದ ಆಂಟೆನಾಗೆ ಹೋಗುವ ಕೇಬಲ್ ಹಿಡಿದು ಹುಡುಕಿದರು. ಆಂಟೆನಾ ಬುಡದ ಬಿಎನ್‌ಸಿ ಕನೆಕ್ಟರಿನಲ್ಲಿ ನಡುವಿನ ಪಿನ್ ಒಳಕ್ಕೆ ಸರಿದಿತ್ತು. ತಾಗಿದರೆ ತಾಗಿತು, ಇಲ್ಲದಿದ್ದರೆ ಇಲ್ಲ. ಕೇಬಲ್ಲಿನ ಮೇಲ್ಪದರವೂ ಗಡುಸಾಗಿ ಬಿರುಕು ಬಿಟ್ಟಿದೆ. ಅದೊಂದನ್ನೇ ಬದಲಿಸಿದರೆ ಸಾಕಾ? ಗೈರೋ, ಗ್ಲಾಸ್ ಬಗ್ಗೆಯೂ ಯಾರಾದರೂ ಹೇಳಿ.

ಉತ್ತರ 1 ಬರೆದವರು

ಅದು ಹಳೇ ಆರ್‌ಜಿ-58 ಕೇಬಲ್ ಇರಬೇಕು. ಎರಡು ರೇಡಿಯೋಗಳ ಕೇಬಲ್ಲನ್ನೂ ಆರ್‌ಜಿ-400ಗೆ ಬದಲಾಯಿಸಿಬಿಡಿ. ಎರಡೂ ಒಂದೇ ವಯಸ್ಸಿನವು ತಾನೇ? ಆಂಟೆನಾ ಕಳಚಿದಾಗ ಅದರ ಕೆಳಗಿನ ಅಲ್ಯೂಮಿನಿಯಂ ತಗಡೂ ನೋಡಿಸಿ. ಬಿಳಿ ಪುಡಿ ಕಂಡರೆ ಸೀಲ್ ಒಡೆದು ನೀರು ಇಳಿದಿದೆ ಅಂತ ಅರ್ಥ. ಉಜ್ಜಿ ಹೊಳಪು ಬರಿಸಿ, ಗ್ರೌಂಡ್ ಸರಿಯಾಗಿ ತಾಗುವಂತೆ ಮಾಡಿ ಹೊಸ ಸೀಲ್ ಹಾಕಬೇಕು. ಕೊನೆಗೆ ಎಸ್‌ಡಬ್ಲ್ಯೂಆರ್ (ಕಳಿಸಿದ ಶಕ್ತಿ ಆಂಟೆನಾದಿಂದ ಎಷ್ಟು ವಾಪಸ್ ಬರುತ್ತದೆ ಅನ್ನುವ) ಅಳತೆ ಬರೆಸಿಕೊಳ್ಳಿ. ಮುಂದಿನ ವರ್ಷ ಹೋಲಿಸಲು ಬೇಕಾಗುತ್ತದೆ.

ಉತ್ತರ 2

ರೇಡಿಯೋ ವಿಚಾರ ಒಪ್ಪಿದೆ. ಆದರೆ ವ್ಯಾಕ್ಯೂಮ್ ಗೈರೋ ವಿಷಯದಲ್ಲಿ ನಾನು ವರ್ಕ್‌ಶಾಪಿನವರ ಕಡೆ, ಅರ್ಧ ಮಟ್ಟಿಗೆ.

ಡ್ರೈ (ಎಣ್ಣೆ ಬಳಸದ) ವ್ಯಾಕ್ಯೂಮ್ ಪಂಪಿನೊಳಗೆ ಇರುವುದು ಕಾರ್ಬನ್ ಹಲಗೆಗಳು. ಸವೆಯುತ್ತಾ ಹೋಗುತ್ತವೆ, ಒಂದು ದಿನ ಪುಡಿಯಾಗುತ್ತವೆ. ಮುನ್ಸೂಚನೆ ಇರುವುದಿಲ್ಲ. ಎಂಜಿನ್ ತೊಳೆಯುವಾಗ ಸಾಲ್ವೆಂಟ್ ಒಳಗೆ ಹೋದರೆ, ಸೀಲ್ ಸೋರಿ ಎಣ್ಣೆ ಸೇರಿದರೆ ಇನ್ನೂ ಬೇಗ. ಹೊಸ ಪಂಪ್ ಹಾಕಿಸುವಾಗ ಹಳೆಯದರ ಕಾರ್ಬನ್ ಚೂರುಗಳನ್ನು ಪೈಪುಗಳಿಂದ ತೆಗೆಸದಿದ್ದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ. ಕೆಲವು ಪಂಪುಗಳಲ್ಲಿ ಸವೆತ ಅಳೆಯಲು ಕಿಂಡಿ ಇರುತ್ತದೆ. ನಿಮ್ಮದರಲ್ಲಿ ಇದ್ದರೆ ಬಳಸಿ.

ಪಂಪ್ ಸತ್ತಾಗ ಆರ್ಟಿಫಿಷಿಯಲ್ ಹೊರೈಜನ್ (ವಿಮಾನ ಎಷ್ಟು ವಾಲಿದೆ ತೋರಿಸುವ ಗೈರೋ) ಒಮ್ಮೆಲೇ ಬೀಳುವುದಿಲ್ಲ. ನಿಧಾನಕ್ಕೆ ವಾಲುತ್ತದೆ. ಮೋಡದೊಳಗಿರುವ ಪೈಲಟ್ ಅದನ್ನೇ ನಂಬಿ ತಾನೂ ವಾಲುತ್ತಾನೆ. ಎಲೆಕ್ಟ್ರಾನಿಕ್ ಉಪಕರಣ ಹಾಗಲ್ಲ, ತನಗೆ ಅನುಮಾನ ಬಂದರೆ ಕೆಂಪು X ಗುರುತು ಹಾಕಿ ಮುಖ ಮುಚ್ಚಿಕೊಳ್ಳುತ್ತದೆ. ನನ್ನ ಮಟ್ಟಿಗೆ ಗ್ಲಾಸ್ ಹಾಕಿಸಲು ಅದೊಂದೇ ಕಾರಣ ಸಾಕು. ದೊಡ್ಡ ನಕ್ಷೆ, ಬಣ್ಣಬಣ್ಣದ ಬೆಟ್ಟ ಎಲ್ಲ ಆಮೇಲಿನ ಮಾತು.

ಅದಕ್ಕೆ ಇಡೀ ಪ್ಯಾನೆಲ್ ಬೇಕಿಲ್ಲ. ಗಾರ್ಮಿನ್ ಜಿ5 ಥರದ, ಸ್ವಂತ ಬ್ಯಾಟರಿ ಇರುವ ಚಿಕ್ಕ ಉಪಕರಣ ಹಳೇ ಗೈರೋ ಜಾಗದಲ್ಲೇ ಕೂರುತ್ತದೆ. ಆಲ್ಟರ್ನೇಟರ್ ಹೋದರೂ ಅದು ಓಡುತ್ತಿರುತ್ತದೆ. ಆ ಬ್ಯಾಟರಿಗೂ ವಯಸ್ಸಾಗುತ್ತದೆ ಅನ್ನುವುದನ್ನು ಮರೆಯುವವರೇ ಜಾಸ್ತಿ. ವರ್ಷಕ್ಕೊಮ್ಮೆ ಪರೀಕ್ಷಿಸಿ.

ಆಟೋಪೈಲಟ್ ಇದೆಯಾ? ಇದ್ದರೆ ಆರ್ಡರ್ ಕೊಡುವ ಮುಂಚೆ ಅದರ ಮ್ಯಾನುಯಲ್ ಓದಿ. ಕೆಲವು ಆಟೋಪೈಲಟ್‌ಗಳು ವಿಮಾನ ಎಷ್ಟು ವಾಲಿದೆ ಅನ್ನುವುದನ್ನು ಅದೇ ವ್ಯಾಕ್ಯೂಮ್ ಗೈರೋದಿಂದ ತಿಳಿಯುತ್ತವೆ. ಗೈರೋ ತೆಗೆದರೆ ಅವು ಕುರುಡು. ಎಸ್-ಟೆಕ್ ಕಂಪನಿಯ ಹಳೇ ಆಟೋಪೈಲಟ್‌ಗಳು ಟರ್ನ್ ಕೋಆರ್ಡಿನೇಟರ್ (ತಿರುವು ತೋರಿಸುವ ಮೀಟರ್) ನಂಬಿರುತ್ತವೆ, ಆದ್ದರಿಂದ ಅದನ್ನು ಕೀಳುವ ಹಾಗಿಲ್ಲ. ಕೊಟೇಶನ್ನಿನಲ್ಲಿ ಇದು ಬಿಟ್ಟುಹೋಗಿ, ಅರ್ಧ ಕೆಲಸ ಆದ ಮೇಲೆ ತಲೆ ಕೆರೆದುಕೊಂಡವರಿದ್ದಾರೆ.

ಹಾಗಂತ ಗ್ಲಾಸ್ ಅಮರವಲ್ಲ. ಸೆಸ್ನಾ 172, 182ಗಳಲ್ಲಿ ಗಾರ್ಮಿನ್‌ನ ಜಿ1000 ಗ್ಲಾಸ್ ಪ್ಯಾನೆಲ್ ಬಂದದ್ದು 2004ರ ಸುಮಾರಿಗೆ. ಅವೂ ಈಗ ಹಳೇ ವಿಮಾನಗಳೇ. ಸ್ಕ್ರೀನಿನ ಹಿಂದಿನ ಬೆಳಕು ಮಂಕಾಗುತ್ತದೆ, ಗುಬುಟುಗಳು ಸವೆಯುತ್ತವೆ. ಹಳೇ ಗೈರೋವನ್ನು ಬಿಚ್ಚಿ ಬೇರಿಂಗ್ ಹಾಕಿ ಕೊಡುವವರು ಸಿಗುತ್ತಾರೆ. ಹಳೇ ಸ್ಕ್ರೀನಿಗೆ ಕಂಪನಿ ಬಿಡಿಭಾಗ ನಿಲ್ಲಿಸಿದರೆ ಕಥೆ ಮುಗಿಯಿತು. ಕೊಳ್ಳುವಾಗ ಫೀಚರ್ ನೋಡುವ ಬದಲು, ಈ ಮಾಡೆಲ್ ಇನ್ನೂ ತಯಾರಾಗುತ್ತಿದೆಯಾ, ರಿಪೇರಿಗೆ ತೆಗೆದುಕೊಳ್ಳುತ್ತಾರಾ ಅಂತ ಕೇಳಿ.

ಉತ್ತರ 3

ವರ್ಷದ ಚೆಕ್ ಬಗ್ಗೆ ಯಾರೂ ಹೇಳಲಿಲ್ಲ. ಪಿಟೋ-ಸ್ಟ್ಯಾಟಿಕ್ (ವೇಗ, ಎತ್ತರದ ಮೀಟರುಗಳಿಗೆ ಗಾಳಿಯ ಒತ್ತಡ ತರುವ ಕೊಳವೆಗಳು) ಸೋರಿಕೆ ಮತ್ತು ಟ್ರಾನ್ಸ್‌ಪಾಂಡರ್ (ರೇಡಾರ್‌ಗೆ ವಿಮಾನದ ಗುರುತು ಹೇಳುವ ಪೆಟ್ಟಿಗೆ) ಪರೀಕ್ಷೆಗೆ ನಿಮ್ಮ ನಿಯಮದಲ್ಲಿ ಎಷ್ಟು ಅವಧಿ ನೋಡಿ. ಅಮೆರಿಕದಲ್ಲಿ ಟ್ರಾನ್ಸ್‌ಪಾಂಡರ್‌ಗೆ 24 ತಿಂಗಳು, ಐಎಫ್‌ಆರ್ (ಹೊರಗೆ ನೋಡದೆ ಮೀಟರ್ ನಂಬಿ) ಹಾರುವವರಿಗೆ ಆಲ್ಟಿಮೀಟರ್ (ಎತ್ತರದ ಮೀಟರ್), ಸ್ಟ್ಯಾಟಿಕ್‌ಗೂ ಅಷ್ಟೇ. ಇಎಲ್‌ಟಿ (ವಿಮಾನ ಬಿದ್ದರೆ ಸಂಕೇತ ಕಳಿಸುವ ಪೆಟ್ಟಿಗೆ) ಬ್ಯಾಟರಿಯ ತಾರೀಖು ನೋಡಿ. ಇನ್ನೂ ಬರೀ 121.5 ಮೆಗಾಹರ್ಟ್ಸ್‌ನ ಇಎಲ್‌ಟಿ ಇದ್ದರೆ, ಉಪಗ್ರಹಗಳು ಅದನ್ನು ಆಲಿಸುವುದು 2009ರ ಫೆಬ್ರವರಿಯಲ್ಲೇ ನಿಂತಿದೆ. 406 ಮೆಗಾಹರ್ಟ್ಸ್‌ನದ್ದು ಹಾಕಿಸಿ. ನ್ಯಾವಿಗೇಶನ್ ಡೇಟಾಬೇಸ್ 28 ದಿನಕ್ಕೊಮ್ಮೆ ಬದಲಾಗುತ್ತದೆ.

ಸರ್ಕ್ಯೂಟ್ ಬ್ರೇಕರನ್ನು ಸ್ವಿಚ್ ಥರ ದಿನಾ ಎಳೆದು ಒತ್ತಬೇಡಿ. ಹಾರುವಾಗ ತಾನಾಗಿ ಹೊರಬಂದರೆ, ಅದಿಲ್ಲದೆ ಇಳಿಯಲು ಆಗುವುದೇ ಇಲ್ಲ ಅನ್ನುವಂಥದ್ದಲ್ಲದಿದ್ದರೆ ಹಾಗೇ ಬಿಡಿ. ಸುಟ್ಟ ವಾಸನೆ ಇದ್ದರಂತೂ ಮುಟ್ಟಲೇಬೇಡಿ. ಸ್ಕ್ರೀನ್ ಒರೆಸಲು ಅಮೋನಿಯಾ ಇರುವ ಗಾಜಿನ ಕ್ಲೀನರ್ ಬೇಡ, ಮೇಲಿನ ಲೇಪ ಎದ್ದು ಹೋಗುತ್ತದೆ.

ಉತ್ತರ 4

ನಾನು ಇನ್‌ಸ್ಟಾಲೇಶನ್ ಕೆಲಸ ಮಾಡುವವನು, ಇಷ್ಟು ಸೇರಿಸುತ್ತೇನೆ. ಹೊಸ ಉಪಕರಣ ಹಾಕಿಸಿದರೆ ವೈರಿಂಗ್ ನಕ್ಷೆಯ ಪ್ರತಿ ಕೇಳಿ ತೆಗೆದುಕೊಳ್ಳಿ. ಯಾವ ಪಿನ್ನಿಂದ ಎಲ್ಲಿಗೆ ವೈರ್ ಹೋಗಿದೆ ಅನ್ನುವುದು ಅದರಲ್ಲಿರಬೇಕು. ಪ್ಯಾನೆಲ್ ಮುಚ್ಚುವ ಮುಂಚೆ ಹಿಂಭಾಗದ ಫೋಟೋ ತೆಗೆದಿಡಿ. ನಕ್ಷೆಯಿಲ್ಲದ ವಿಮಾನ ನನ್ನ ಹತ್ತಿರ ಬಂದರೆ ಮೊದಲ ದಿನವೆಲ್ಲ ವೈರ್ ಹುಡುಕುವುದರಲ್ಲೇ ಕಳೆಯುತ್ತದೆ, ಆ ಗಂಟೆಗಳ ದುಡ್ಡು ನಿಮ್ಮದೇ.

ಮ್ಯಾಗ್ನೆಟೋಮೀಟರ್ (ಗ್ಲಾಸ್‌ಗೆ ದಿಕ್ಸೂಚಿಯಂತೆ ಕೆಲಸ ಮಾಡುವ ಸೆನ್ಸರ್) ರೆಕ್ಕೆಯಲ್ಲಿ ಕೂತರೆ ಸುತ್ತ ಯಾವ ಸ್ಕ್ರೂ ಹಾಕಿದ್ದಾರೆ ನೋಡಿ. ಒಂದು ಉಕ್ಕಿನ ಸ್ಕ್ರೂ ಸಾಕು ಹೆಡ್ಡಿಂಗ್ (ವಿಮಾನ ಮುಖ ಮಾಡಿರುವ ದಿಕ್ಕು) ತಪ್ಪಲು. ನ್ಯಾವ್ ಲೈಟ್, ಸ್ಟ್ರೋಬ್ ಹಾಕಿ ತೆಗೆದು ಹೆಡ್ಡಿಂಗ್ ಅಲುಗಾಡುತ್ತದಾ ಅಂತ ನೆಲದ ಮೇಲೇ ನೋಡಿ.

ಹೊಸದು ಹಾಕಿಸಿದ ಕೂಡಲೇ ಮೋಡಕ್ಕೆ ನುಗ್ಗಬೇಡಿ. ಹೊಸ ಕೆಲಸದ ತಪ್ಪುಗಳು ಮೊದಲ ಕೆಲವು ಹಾರಾಟಗಳಲ್ಲೇ ಹೊರಬೀಳುವುದು. ಆಕಾಶ ತಿಳಿಯಾಗಿರುವ ದಿನಗಳಲ್ಲಿ ಹಾರಿಸಿ, ಒಂದೊಂದೇ ಬಟನ್ ಒತ್ತಿ ನೋಡಿ, ಕಂಡದ್ದನ್ನೆಲ್ಲ ಪಟ್ಟಿ ಮಾಡಿ. ಆ ಪಟ್ಟಿ ಹಿಡಿದು ವಾರಂಟಿ ಮುಗಿಯುವ ಮುಂಚೆ ಹಾಕಿಕೊಟ್ಟವರ ಹತ್ತಿರವೇ ಹೋಗಿ.