ತಿರುಮಲದ ಕೃಷ್ಣದೇವರಾಯನ ಮುಖದಲ್ಲಿ ಸಿಡುಬಿನ ಕಲೆ ಯಾಕಿಲ್ಲ?

ತುಂಗೆತೀರ:
ಹೋದ ವಾರ ತಿರುಪತಿಗೆ ಹೋಗಿದ್ವಿ. ಮಹಾದ್ವಾರ ದಾಟಿದ ಕೂಡ್ಲೆ ಮಂಟಪದಲ್ಲಿ ಕೃಷ್ಣದೇವರಾಯ, ಅಕ್ಕಪಕ್ಕ ತಿರುಮಲದೇವಿ ಚಿನ್ನಾದೇವಿ, ಲೋಹದ ವಿಗ್ರಹ ಇದ್ಯಲ್ಲ, ಹಿಂದಿಂದ ಜನ ತಳ್ತಿದ್ರು, ಅರ್ಧ ನಿಮಿಷ ನೋಡಿದ್ದಷ್ಟೆ. ಕತ್ತಿ ಇಲ್ಲ ಸಿಂಹಾಸನ ಇಲ್ಲ, ಮೈಮೇಲೆ ಅಂಗಿನೂ ಇಲ್ಲ, ತೆಳ್ಳಗೆ ಕೈ ಮುಗ್ದು ನಿಂತಿದ್ದಾನೆ. ಆದ್ರೆ ಪೋರ್ಚುಗಲ್‌ನ ಡೊಮಿಂಗೊ ಪಾಯೆಸ್ 1520ರ ಸುಮಾರಿಗೆ ಕಣ್ಣಾರೆ ನೋಡಿ ಬರ್ದಿರೋದು ಮಧ್ಯಮ ಎತ್ತರ, ಮೈಕೈ ತುಂಬ್ಕೊಂಡಿರೋನು, ಮುಖದ ಮೇಲೆ ಸಿಡುಬಿನ ಕಲೆ ಅಂತ. ಮತ್ತೆ ಇದು ಅವನದೇ ರೂಪ ಅಂತ ಹೇಗ್ ಒಪ್ಕೊಳ್ಳೋದು?

ಕುಲಾವಿ:
ಭುಜದ ಮೇಲೆ ಹೆಸರೇ ಕೆತ್ತಿದ್ದಾರಲ್ಲ ಮಾರಾಯ್ರೆ. ತಲೆ ಮೇಲೆ ಉದ್ದ ಟೋಪಿ ನೋಡಿದ್ರಾ, ಅದೇ ಕುಲಾವಿ, ವಿಜಯನಗರದ ದರ್ಬಾರಿನದ್ದು. ಅಂಗಿ ತೆಗ್ದಿದ್ದಾನೆ, ಅದನ್ನ ತೆಗ್ದಿಲ್ಲ. ಅಂದ್ರೆ ದೇವರ ಮುಂದೆ ಭಕ್ತ, ಆದ್ರೂ ರಾಯನೇ. ಇನ್ನು ಕಲೆ ವಿಚಾರ, ಮಾಡ್ಸಿದೋರಿಗೆ ಬೇಕಾಗಿದ್ದು ಭಕ್ತಿ, ಮೊಡವೆ ಕಲೆ ಎಲ್ಲ ಶಿಲ್ಪಿ ಯಾಕ್ ಮಾಡ್ತಾನೆ, ಈಗ ನಾವು ಫಿಲ್ಟರ್ ಹಾಕಲ್ವಾ?

ಜಾಲಹಳ್ಳಿ ಅಜ್ಜಿ ಮೊಮ್ಮಗ:
ಕೈ ಮುಗ್ದಿದಾನೆ ಅಂತ ಸಣ್ಣೋನಾಗ್ಬಿಟ್ಟ ಅನ್ಕೋಬೇಡಿ. ನಮ್ಮನ್ನೆಲ್ಲ ‘ಜರುಗಂಡಿ ಜರುಗಂಡಿ’ ಅಂತ ಒಂದು ಸೆಕೆಂಡಲ್ಲಿ ಆಚೆ ತಳ್ತಾರೆ, ಅವನಿಗೆ 500 ವರ್ಷದಿಂದ ಯಾರೂ ಹಂಗೆ ಅಂದಿಲ್ಲ 😄

ಮಲ್ಲಿಗೆಮೊಗ್ಗು:
ಕಲೆ ಮುಚ್ಚೋದು ಸರಿ, ಬೇಕು ಅಂತಲೇ ತೋರ್ಸಿದ್ದೂ ಇದೆ. 1805ರಲ್ಲಿ ಥಾಮಸ್ ಹಿಕಿ ಅನ್ನೋ ಐರಿಷ್ ಪೇಂಟರ್ ಬರ್ದ ಮೂರು ಹೆಂಗಸರ ಚಿತ್ರ ಗೂಗಲ್ ಮಾಡಿ. ಮೊದ್ಲು ನರ್ತಕಿಯರು ಅಂತಿದ್ರು, ಆಮೇಲೆ ನೈಜಲ್ ಚಾನ್ಸೆಲರ್ ಅನ್ನೋ ಇತಿಹಾಸಕಾರ ಇವ್ರು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಮನೆಯವ್ರು ಅಂದ್ರು. ಬಲಗಡೆ ಕಿರಿ ರಾಣಿ ದೇವಾಜಮ್ಮಣ್ಣಿ, ಸೆರಗು ಸರಿಸಿ ಎಡತೋಳು ತೋರಿಸ್ತಾರೆ, ಆಗಷ್ಟೇ ಬಂದಿದ್ದ ಸಿಡುಬಿನ ಲಸಿಕೆ ಹಾಕಿದ ಜಾಗ. ಎಡಗಡೆಯೋರ ಮೂಗು ಬಾಯಿ ಸುತ್ತ ಬಣ್ಣ ಬೇರೆ, ಲಸಿಕೆಗೂ ಮುಂಚಿನ ಹಳೇ ಪದ್ಧತಿಲಿ ಸಿಡುಬು ಜೋರಾಗಿ ಬರದಿರ್ಲಿ ಅಂತ ಸಿಡುಬಿನ ಹಕ್ಕಳೆ ಪುಡಿ ಮೂಗಿಗೆ ಏರಿಸ್ತಿದ್ದ ಗುರುತು ಅಂತ ಚಾನ್ಸೆಲರ್ ವಾದ. ಅಂತಃಪುರದ ರಾಣಿ ತೋಳು ತೋರ್ಸೋದಾ ಆ ಕಾಲದಲ್ಲಿ? ರಾಣಿನೇ ಹಾಕ್ಸ್ಕೊಂಡಿದಾರೆ ಅಂದ್ರೆ ಜನರ ಭಯ ಹೋಗುತ್ತಲ್ಲ, ಈಸ್ಟ್ ಇಂಡಿಯಾ ಕಂಪನಿಯೋರಿಗೂ ಅದೇ ಬೇಕಾಗಿತ್ತು.

ತುಂಗೆತೀರ:
ಚಿತ್ರ ನೋಡ್ದೆ, ನಾನು ಬರೀ ಒಡವೆ ನೋಡಿ ಸ್ಕ್ರೋಲ್ ಮಾಡ್ಬಿಡ್ತಿದ್ದೆ, ಆ ಕೈ ಗಮನಿಸ್ತಾನೇ ಇರ್ಲಿಲ್ಲ. ಕುಲಾವಿ ಅವ್ರೆ, ಭುಜದ ಬರಹದ ಫೋಟೋ ಇದ್ಯಾ?

ಕುಲಾವಿ:
ಮೊಬೈಲ್ ಹೊರಗೇ ಇಟ್ಟು ಹೋಗೋದು ಸ್ವಾಮಿ, ಎಲ್ಲಿಂದ ತರ್ಲಿ!