ಹತ್ತತ್ತು ಹೊಡೆತದಲ್ಲಿ ಯಾವ ಬಾಲ್ ಮೇಲು ಅಂತ ಗೊತ್ತಾಗುತ್ತಾ?

ಬ್ಯಾಕ್‌ನೈನ್:
ಎರಡೂವರೆ ಗಂಟೆ ಗಾಲ್ಫ್ ಸಿಮ್ಯುಲೇಟರ್‌ನಲ್ಲಿ ನಿಂತು ಮೂರು ಪ್ರೀಮಿಯಂ ಬಾಲ್ ಹೋಲಿಸಿ ನೋಡ್ದೆ. ಮೂರಕ್ಕೂ ಯುರೆಥೇನ್ ಅನ್ನೋ ಮೆತ್ತನೆ ಪ್ಲಾಸ್ಟಿಕ್ ಕವರ್, ಮೂರನ್ನೂ ಟೂರ್ ಬಾಲ್ (ವೃತ್ತಿಪರರು ಆಡೋ ಥರದ್ದು) ಅಂತಾನೇ ಮಾರೋದು. ಬ್ರ್ಯಾಂಡ್ ಹೆಸರು ಹಾಕಿದ್ರೆ ಟೆಸ್ಟ್ ಬಿಟ್ಟು ಬ್ರ್ಯಾಂಡ್ ಜಗಳ ಶುರುವಾಗುತ್ತೆ, ಅದಕ್ಕೆ ಎ, ಬಿ, ಸಿ ಅಂತೀನಿ. ಎ ಮತ್ತು ಬಿ ಗಟ್ಟಿ, ಸಿ ಸಾಫ್ಟ್. ಡ್ರೈವರ್‌ನಲ್ಲಿ (ಅತಿ ದೂರ ಹೊಡೆಯೋ ಕ್ಲಬ್) ಒಂದೊಂದಕ್ಕೂ ಹತ್ತು ಹೊಡೆತ, ಬಾಲ್ ಸ್ಪೀಡು, ಸ್ಪಿನ್ ಅಳೆಯೋ ರಡಾರ್ ಲಾಂಚ್ ಮಾನಿಟರ್ ಹಿಂದೆ ಇಟ್ಟು. ಕ್ಯಾರಿ, ಅಂದ್ರೆ ನೆಲಕ್ಕೆ ಬೀಳೋವರೆಗೆ ಹಾರಿದ ದೂರ, ಸರಾಸರಿ ಎ 221 ಯಾರ್ಡ್, ಬಿ 224, ಸಿ 218. ಸ್ಪಿನ್ ಕೂಡ ಬಿ ಬಾಲ್‌ದೇ ಕಮ್ಮಿ. ಅಂದ್ರೆ ಗೆದ್ದಿದ್ದು ಬಿ, ಮತ್ತೆ ಸಾಫ್ಟ್ ಬಾಲ್ ದೂರ ಹೋಗಲ್ಲ ಅನ್ನೋದು ನನ್ನ ಮಟ್ಟಿಗೆ ಪ್ರೂವ್ ಆಯ್ತು. ಯಾರಾದ್ರೂ ಬೇರೆ ಥರ ಕಂಡಿದ್ರೆ ನಂಬರ್ ಜೊತೆ ಬನ್ನಿ, ಫೀಲ್ ಗೀಲ್ ಬೇಡ.

ಲೆಕ್ಕದ ಮೇಷ್ಟ್ರು:
ಸ್ವಾಮಿ, ಸರಾಸರಿ ಹೇಳಿದ್ರಿ, ಹರವು ಹೇಳ್ಲಿಲ್ಲ. ಬಿ ಬಾಲ್‌ನ ಹತ್ತು ಹೊಡೆತದಲ್ಲಿ ಅತಿ ಉದ್ದದ್ದು ಎಷ್ಟು, ಅತಿ ಗಿಡ್ಡದ್ದು ಎಷ್ಟು?

ಬ್ಯಾಕ್‌ನೈನ್:
ಮೇಷ್ಟ್ರೇ, 209ರಿಂದ 236. ಆದ್ರೆ ಅದಕ್ಕೇ ಅಲ್ವಾ ಸರಾಸರಿ ತೆಗೆಯೋದು.

ಲೆಕ್ಕದ ಮೇಷ್ಟ್ರು:
ಅಲ್ಲೇ ಬಂತು ನೋಡಿ ವಿಷಯ. ಒಂದೇ ಬಾಲ್‌ನಲ್ಲಿ ನಿಮ್ಮ ಸ್ವಿಂಗೇ 27 ಯಾರ್ಡ್ ಆಚೀಚೆ ಆಗ್ತಿದೆ. ಅಷ್ಟು ಹರವು ಅಂದ್ರೆ ಒಂದೊಂದು ಹೊಡೆತ ಸರಾಸರಿಯಿಂದ 8-9 ಯಾರ್ಡ್ ಆಡುತ್ತೆ, ಹತ್ತು ಹೊಡೆತದ ಸರಾಸರಿಯೇ ಸುಮಾರು ಮೂರು ಯಾರ್ಡ್ ಅಲುಗಾಡುತ್ತೆ, ಅಂಥ ಎರಡು ಸರಾಸರಿ ಕಳೆದ್ರೆ ಉತ್ತರ 4 ಯಾರ್ಡ್ ಆಚೀಚೆ. ನೀವು ಎ-ಬಿ ಮಧ್ಯೆ ಕಂಡಿದ್ದು 3. ಅದು ಬಾಲ್‌ನದ್ದೂ ಇರಬಹುದು, ನಿಮ್ಮ ಕೈದೂ ಇರಬಹುದು, ಹೇಳೋಕೆ ಬರಲ್ಲ. ಆ ಅಲುಗಾಟ ಅರ್ಧಕ್ಕೆ ಇಳೀಬೇಕಂದ್ರೆ ಒಂದೊಂದಕ್ಕೆ ನಲವತ್ತು ಹೊಡೀಬೇಕು, ಇಪ್ಪತ್ತು ಸಾಲಲ್ಲ. ಇನ್ನೊಂದು, ನೀವು ಮೊದಲು ಎ ಹತ್ತೂ, ಆಮೇಲೆ ಬಿ ಹತ್ತೂ, ಕೊನೆಗೆ ಸಿ ಹೊಡೆದಿರ್ತೀರಿ ಅಂತ ನನ್ನ ಅಂದಾಜು. ಮೊದಲು ಮೈ ಬಿಸಿಯಾಗಿರಲ್ಲ, ಕೊನೆಗೆ ದಣಿವು. ಮಧ್ಯದಲ್ಲಿದ್ದ ಬಾಲ್ ಗೆದ್ದಿದೆ.

ಬ್ಯಾಕ್‌ನೈನ್:
ದಣಿವಾ? ಮೂವತ್ತು ಹೊಡೆತಕ್ಕೆ ದಣಿಯೋ ಮನುಷ್ಯ ಅಲ್ಲ ನಾನು, ವಾರಕ್ಕೆರಡು ಸಲ ಹದಿನೆಂಟು ಹೋಲ್ ನಡೆದೇ ಆಡ್ತೀನಿ. ಕ್ಲಬ್ ಸ್ಪೀಡ್ ಶುರುವಿಂದ ಕೊನೇವರೆಗೂ 93ರಿಂದ 95 ಮೈಲಿ ಒಳಗೇ ಇತ್ತು, ಸ್ಕ್ರೀನ್ ಮೇಲೇ ಇದೆ. ಮತ್ತೆ ಬಿ-ಸಿ ಮಧ್ಯೆ 6 ಯಾರ್ಡ್ ಇದೆಯಲ್ಲ, ನಿಮ್ಮ 4ಕ್ಕಿಂತ ಜಾಸ್ತಿನೇ.

ಲೆಕ್ಕದ ಮೇಷ್ಟ್ರು:
4ಕ್ಕಿಂತ ಜಾಸ್ತಿ ಆದ್ರೆ ಸಾಲದು, ಹೆಚ್ಚುಕಮ್ಮಿ ಅದರ ಎರಡರಷ್ಟು ಬೇಕು, ಅಂದ್ರೆ 8. ಮತ್ತೆ 93ಕ್ಕೂ 95ಕ್ಕೂ ಎರಡು ಮೈಲಿ ವ್ಯತ್ಯಾಸ, ಒಂದು ಮೈಲಿಗೆ ಎರಡೂವರೆ ಯಾರ್ಡ್ ಅಂತ ಹಿಡಿದ್ರೂ ನಿಮ್ಮ 6ರಲ್ಲಿ 5 ಅಲ್ಲೇ ಕರಗಿಹೋಯ್ತು.

ವೆಜ್56:
ಮೂವತ್ತು ಸಲ ಡ್ರೈವರ್ ಬೀಸಿ ಪ್ರೀಮಿಯಂ ಬಾಲ್ ಟೆಸ್ಟ್ ಅಂತೀರಲ್ಲ, ಇದಕ್ಕೇನು ಹೇಳೋಣ. ಡ್ರೈವರ್‌ನಲ್ಲಿ ಎಲ್ಲಾ ಟೂರ್ ಬಾಲೂ ಹತ್ರಹತ್ರ ಒಂದೇ, ಯಾಕಂದ್ರೆ ರೂಲ್ ಹಾಗಿದೆ, ಯುಎಸ್‌ಜಿಎ ಮತ್ತು ಆರ್ ಅಂಡ್ ಎ ಅನ್ನೋ ಗಾಲ್ಫ್ ರೂಲ್ ಮಾಡೋ ಸಂಸ್ಥೆಗಳು ದೂರಕ್ಕೆ ಮಿತಿ ಹಾಕಿವೆ, ಎಲ್ಲಾ ಕಂಪನಿನೂ ಆ ಗೆರೆ ಪಕ್ಕದಲ್ಲೇ ನಿಂತಿವೆ. ಯುರೆಥೇನ್‌ಗೆ ಕಾಸು ಕೊಡೋದು ಗ್ರೀನ್ (ಹೋಲ್ ಸುತ್ತಲಿನ ನುಣ್ಣನೆ ಹುಲ್ಲು) ಹತ್ರದ ಆಟಕ್ಕೆ. ಐವತ್ತು ಯಾರ್ಡ್‌ನಿಂದ ಅರ್ಧ ಸ್ವಿಂಗ್ ವೆಜ್ (ಹತ್ರದ ಹೊಡೆತದ ಕ್ಲಬ್), ಒಂದು ಯುರೆಥೇನ್ ಬಾಲ್ ಒಂದು ಅಯೋನೋಮರ್ ಅನ್ನೋ ಗಟ್ಟಿ ಕವರ್ ಬಾಲ್ ಹೊಡೆದು ನೋಡಿ. ಯುರೆಥೇನ್ ತಗ್ಗಲ್ಲಿ ಹೋಗಿ ಎರಡು ಪುಟಿತ ಪುಟಿದು ಕಚ್ಕೊಂಡು ನಿಲ್ಲುತ್ತೆ, ಇನ್ನೊಂದು ಎತ್ತರಕ್ಕೆ ಎದ್ದು ಬಿದ್ದು ಉರುಳ್ತಾ ಹೋಗುತ್ತೆ. ಗ್ರೀನ್‌ನಿಂದ ಶುರು ಮಾಡಿ ಹಿಂದಕ್ಕೆ ಮೊದಲ ಹೊಡೆತದ ಜಾಗ ಟೀವರೆಗೆ ಟೆಸ್ಟ್ ಮಾಡ್ಬೇಕು, ಟೀಯಿಂದ ಅಲ್ಲ.

ಬ್ಯಾಕ್‌ನೈನ್:
"ಡ್ರೈವರ್‌ನಲ್ಲಿ ಎಲ್ಲಾ ಒಂದೇ" ಅಂದ್ರಾ? ಗಾಲ್ಫ್ ಸಾಮಾನು ಟೆಸ್ಟ್ ಮಾಡೋ ವೆಬ್‌ಸೈಟ್ ಮೈಗಾಲ್ಫ್‌ಸ್ಪೈನವರು 2019ರಲ್ಲಿ ರೋಬೋದಿಂದ ಟೆಸ್ಟ್ ಮಾಡಿ ಸಾಫ್ಟ್ ಅಂದ್ರೆ ಸ್ಲೋ ಅಂತ ಸ್ಪಷ್ಟವಾಗಿ ಬರೆದ್ರು. ರೋಬೋಗೂ ಕೈ ಅಲುಗಾಡಿತ್ತಾ?

ವೆಜ್56:
ಅದೇ ಟೆಸ್ಟ್‌ನಲ್ಲಿ ವೆಜ್ ಸ್ಪಿನ್ ಕೂಡ ಅಳೆದಿದ್ರಲ್ಲ, ಅದನ್ಯಾಕೆ ಬಿಟ್ರಿ? ಬೇಕಾದ ಸಾಲು ಮಾತ್ರ ಹೆಕ್ಕೋದು.

ಹದಿನೆಂಟನೇ ಗ್ರೀನ್:
ಒಂದು ವಿಷಯ ಯಾರೂ ಕೇಳಲಿಲ್ಲ ಮಾರಾಯ್ರೆ. ಒಳಗಡೆ ಪರದೆಗೆ ಹೊಡೆದದ್ದಲ್ವಾ, ಬಾಲ್ ಹಾರುದು ನಾಲ್ಕೈದು ಮೀಟರ್. ಅಷ್ಟರಲ್ಲಿ ರಡಾರಿಗೆ ಸ್ಪಿನ್ ಸರಿಯಾಗಿ ಸಿಗುದು ಕಷ್ಟ, ಅದಕ್ಕೇ ಬಾಲಿಗೆ ಲೋಹದ ಚುಕ್ಕಿ ಅಂಟಿಸುದು, ಟೈಟಲಿಸ್ಟ್‌ನವರು ಆರ್‌ಸಿಟಿ ಅಂತ ರಡಾರಿಗೆ ಕಾಣುವ ಬಾಲೇ ಬೇರೆ ಮಾಡಿದ್ದಾರೆ. ಚುಕ್ಕಿ ಇಲ್ಲದಿದ್ರೆ ಮೆಶಿನ್ ಕೆಲವು ಸಲ ಸ್ಪಿನ್ ಅಂದಾಜು ಮಾಡ್ತದೆ, ಅಳೆಯುದಲ್ಲ. ನಿಮ್ಮ ಬಿ ಬಾಲಿನ ಕಮ್ಮಿ ಸ್ಪಿನ್ ಅಳೆದದ್ದಾ, ಅಂದಾಜಾ?

ಗಾಳಿಎದುರು:
ಇಷ್ಟೆಲ್ಲಾ ಅಳಿಯೂದಕ್ಕಿಂತ ಮೊದ್ಲ ಆ ಬಾಲ್‌ನ ತೂಕ ನಡು ಮಧ್ಯಕ್ಕ ಐತೋ ಇಲ್ಲೋ ನೋಡೀರೇನ್ರಿ? ನಾ ಹೊಸ ಡಬ್ಬಿ ತಂದ ದಿನಾನ ಉಪ್ಪು ನೀರಾಗ ತೇಲಿಸಿ ನೋಡ್ತೀನಿ. ಹೋದ ಡಬ್ಬಿ, ಹೆಸರು ಹೇಳೂದಿಲ್ಲ, ದುಬಾರಿ ಟೂರ್ ಬಾಲ್, ಹನ್ನೆರಡರಾಗ ಎರಡು ಬಾಲ್ ಎಷ್ಟು ಸಲ ತಿರುವಿ ಬಿಟ್ರೂ ನಾ ಮಾರ್ಕರ್‌ಲೆ ಇಟ್ಟ ಅದ ಚುಕ್ಕಿ ಮ್ಯಾಲೆ ಬಂದು ನಿಂದರತಿತ್ತು. ಅಂದ್ರ ಒಂದು ಮಗ್ಗಲು ಭಾರ. ಅಂಥಾ ಬಾಲ್ ನಿಮ್ಮ ಹತ್ತರಾಗ ಒಂದು ಸೇರಿತಂದ್ರ ಎಲ್ಲಾ ಸರಾಸರಿ ಸುಳ್ಳು.

ಹದಿನೆಂಟನೇ ಗ್ರೀನ್:
ಉಪ್ಪು ನೀರಾ? ಗಾಲ್ಫ್ ಬಾಲ್ ಸಮುದ್ರದಲ್ಲೇ ಮುಳುಗ್ತದೆ.

ಲೆಕ್ಕದ ಮೇಷ್ಟ್ರು:
ತೇಲುತ್ತೆ, ಉಪ್ಪು ಸಾಕಷ್ಟು ಹಾಕಿದ್ರೆ. ರೂಲ್ ಪ್ರಕಾರ ಬಾಲ್ 45.93 ಗ್ರಾಂ ಮೀರಂಗಿಲ್ಲ, ಅಡ್ಡಳತೆ 42.67 ಮಿಲಿಮೀಟರ್‌ಗಿಂತ ಕಮ್ಮಿ ಇರಂಗಿಲ್ಲ. ಆ ಎರಡೂ ಅಂಚಲ್ಲಿರೋ ಬಾಲ್ ಅಂದ್ರೆ ನೀರಿಗಿಂತ 1.13ರಷ್ಟು ಸಾಂದ್ರ. ಸಮುದ್ರದ ನೀರು 1.025, ಅಲ್ಲಿ ಮುಳುಗುತ್ತೆ ಅನ್ನೋದು ನಿಜ. ಲೀಟರ್‌ಗೆ ಕಾಲು ಕಿಲೋ ಅಡುಗೆ ಉಪ್ಪು ಕರಗಿಸಿ, 1.14 ದಾಟುತ್ತೆ, ಬಾಲ್ ಮೇಲಕ್ಕೆ ಬರುತ್ತೆ.

ಗಾಳಿಎದುರು:
ಮೇಷ್ಟ್ರು ಹೇಳಿದ್ದು ಖರೆ. ಹೆಬ್ಬೆರಳ ಉಗುರಿನಷ್ಟು ಮ್ಯಾಲೆ ಕಾಣ್ತೈತಿ, ಉಳಿದದ್ದೆಲ್ಲಾ ನೀರಾಗ. ಎರಡು ಹನಿ ಪಾತ್ರೆ ತೊಳಿಯೂ ಸೋಪು ಹಾಕ್ಬೇಕು, ಇಲ್ಲಂದ್ರ ಬಾಲ್ ಮ್ಯಾಲಿನ ಕುಳಿ, ಡಿಂಪಲ್‌ನಾಗ ಗಾಳಿ ಗುಳ್ಳಿ ಕುಂತು ಸುಳ್ಳು ತೋರಿಸ್ತೈತಿ. ಮ್ಯಾಲೆ ಬಂದ ಜಾಗಕ್ಕ ಮಾರ್ಕರ್‌ಲೆ ಚುಕ್ಕಿ ಇಟ್ಟು, ಬೆರಳಿಲೆ ತಿರುವಿ ಬಿಡಬೇಕು. ಒಳ್ಳೆ ಬಾಲ್ ಎಲ್ಲಿ ಬಿಟ್ರ ಅಲ್ಲೇ ಇರ್ತೈತಿ.

ಹದಿನೆಂಟನೇ ಗ್ರೀನ್:
ತೇಲ್ತದೆ ಅಂತ ಒಪ್ಪಿದೆ, ಅದರಿಂದ ಎಂತ ಗೊತ್ತಾಯಿತು? ನೀರಲ್ಲಿ ಬಾಲಿಗೆ ತಡೆಯೇ ಇಲ್ಲ, ಕೂದಲೆಳೆಯಷ್ಟು ಒಂದು ಬದಿ ಭಾರ ಇದ್ರೂ ತಿರುಗಿಯೇ ತಿರುಗ್ತದೆ. ಯಾವ ಕಡೆ ಭಾರ ಅಂತ ಗೊತ್ತಾಗ್ತದೆ, ಎಷ್ಟು ಭಾರ ಅಂತ ಗೊತ್ತಾಗುದಿಲ್ಲ. ಗ್ರೀನಲ್ಲಿ ಹುಲ್ಲು ಉಂಟು, ಇಳಿಜಾರು ಉಂಟು, ಮುಂದಿನ ಗುಂಪು ತುಳಿದ ಹೆಜ್ಜೆ ಉಂಟು. ಅದರ ಮಧ್ಯೆ ಈ ಕೂದಲೆಳೆ ಯಾರಿಗೆ ಕಾಣ್ತದೆ?

ಗಾಳಿಎದುರು:
"ಎಷ್ಟು ಅಂತ ಗೊತ್ತಾಗುದಿಲ್ಲ" ಅನ್ನೂದು ತಪ್ಪು. ಗಡಿಯಾರ ಹಿಡೀರಿ. ಆ ಎರಡು ಬಾಲ್ ಎರಡು ಸೆಕೆಂಡಿನಾಗ ತಿರುಗಿ ಬಂದ್ವು. ಉಳಿದ ಹತ್ತರಾಗ ಬಂದ್ರೂ ಹದಿನೈದು ಇಪ್ಪತ್ತು ಸೆಕೆಂಡ್ ತಗೊಂಡು ಸಾವಕಾಶ ಬಂದ್ವು. ಬೇಗ ಬಂದದ್ದು ಜಾಸ್ತಿ ಭಾರ. ಇದು ಅಳತಿ ಅಲ್ಲೇನು? ಆ ಎರಡರಾಗ ಒಂದು ತಗೊಂಡು ಚುಕ್ಕಿ ಎಡಕ್ಕ ಮಾಡಿ ಹತ್ತು ಅಡಿ ಪಟ್ (ಗ್ರೀನ್ ಮ್ಯಾಲೆ ಉಳ್ಳಿಸೂ ಹೊಡೆತ) ಹೊಡೆದೆ, ಕೊನಿಗೆ ಬಲಕ್ಕ ಬಾಗತಿತ್ತು. ಚುಕ್ಕಿ ಬಲಕ್ಕ ಮಾಡಿದ್ರ ಎಡಕ್ಕ. ಕಣ್ಣಾರೆ ಕಂಡೀನಿ.

ಹದಿನೆಂಟನೇ ಗ್ರೀನ್:
ಕಣ್ಣಾರೆ ಕಂಡದ್ದು ಅಂದ್ರೆ ಮುಗೀತಾ? ಚುಕ್ಕಿ ಯಾವ ಕಡೆ ಅಂತ ನಿಮಗೆ ಮೊದಲೇ ಗೊತ್ತಿತ್ತು, ಕೈ ತನ್ನಷ್ಟಕ್ಕೆ ಆ ಕಡೆ ಹೋಗ್ತದೆ.

ಹಳೇ ಬಲಾಟಾ:
ಮಧ್ಯೆ ಬಾಯಿ ಹಾಕ್ತೀನಿ. ನಮ್ಮ ಕಾಲದಲ್ಲಿ ಬಲಾಟಾ ಅನ್ನೋ ಮೆತ್ತನೆ ರಬ್ಬರ್ ಕವರ್ ಬಾಲ್, ಒಳಗೆ ದ್ರವದ ಗುಂಡು, ಅದರ ಸುತ್ತ ರಬ್ಬರ್ ದಾರ ಸುತ್ತಿದ್ದು. ಐರನ್ ಕ್ಲಬ್‌ನ ಅಂಚು ಒಂದು ಸಲ ತಗುಲಿದ್ರೆ ನಕ್ಕ ಬಾಯಿ ಹಾಗೆ ಸೀಳ್ಕೊಂಡುಬಿಡೋದು, ಆ ಹೋಲ್‌ಗೇ ಅದರ ಆಯಸ್ಸು ಮುಗೀತು. ದಾರ ಸುತ್ತಿದ್ದು ಸ್ವಲ್ಪ ಓರೆ ಆದ್ರೂ ನಡು ಮಧ್ಯಕ್ಕೆ ಇರ್ತಿರಲಿಲ್ಲ, ಆಗ ತೇಲಿಸಿ ನೋಡೋದು ಹುಚ್ಚಲ್ಲ, ಅಗತ್ಯ. 2000ನೇ ಇಸವಿಯಲ್ಲಿ ಟೈಗರ್ ವುಡ್ಸ್ ದಾರ ಇಲ್ಲದ ಗಟ್ಟಿ ಬಾಲ್ ಹಿಡಿದು ಪೆಬಲ್ ಬೀಚ್‌ನ ಯುಎಸ್ ಓಪನ್ 15 ಸ್ಟ್ರೋಕ್‌ನಲ್ಲಿ ಗೆದ್ದ, ಅದೇ ಅಕ್ಟೋಬರ್‌ನಲ್ಲಿ ಟೈಟಲಿಸ್ಟ್‌ನ ದಾರ ಇಲ್ಲದ ಬಾಲ್ ಪ್ರೊ ವಿ1 ಲಾಸ್ ವೇಗಸ್ ಟೂರ್ನಿಗೆ ಬಂದಾಗ ಮೊದಲ ವಾರವೇ 47 ಆಟಗಾರರು ಬದಲಾಯಿಸಿದ್ರು. ಕೆಲವೇ ವರ್ಷದಲ್ಲಿ ದಾರದ ಬಾಲ್ ಟೂರ್‌ನಿಂದಲೇ ಹೋಯ್ತು. ಬಾಲ್ ನಡುಮಧ್ಯ ಇರೋದು ಮುಖ್ಯ ಅಂತ ರೂಲ್‌ನವರಿಗೂ ಗೊತ್ತು, ಅದಕ್ಕೇ ಬಾಲ್ ಎಲ್ಲಾ ಕಡೆ ಒಂದೇ ಥರ ಇರಬೇಕು ಅನ್ನೋ ಸಿಮೆಟ್ರಿ ರೂಲ್ ಇರೋದು. ಪೊಲಾರಾ ಬಾಲ್ ಬಂದಮೇಲೆ ಹಾಕಿದ್ದು.

ಹದಿನೆಂಟನೇ ಗ್ರೀನ್:
ಪೊಲಾರಾಕ್ಕೂ ತೂಕಕ್ಕೂ ಎಂತ ಸಂಬಂಧ ಹೇಳಿ! ಅದರಲ್ಲಿ ಇದ್ದದ್ದು ಡಿಂಪಲ್ ಆಟ. ನಡು ಪಟ್ಟಿಯಲ್ಲಿ ಒಂದು ಥರ ಡಿಂಪಲ್, ಎರಡು ತುದಿಯಲ್ಲಿ ಆಳ ಕಮ್ಮಿ, ಸರಿಯಾಗಿ ಇಟ್ಟು ಹೊಡೆದ್ರೆ ಸ್ಲೈಸ್, ಅಂದ್ರೆ ಬಾಲ್ ಬದಿಗೆ ಬಾಗುದು, ತಾನೇ ಕಮ್ಮಿ ಆಗ್ತಿತ್ತು. ಗಾಳಿಯಲ್ಲಿ ಆಗುವ ಕೆಲಸ ಅದು. ಅದನ್ನು ತಂದು ಉಪ್ಪು ನೀರಿಗೆ ಹಾಕ್ಬೇಡಿ.

ಹಳೇ ಬಲಾಟಾ:
ನಾನು ಸಿಮೆಟ್ರಿ ಅಂದೆ, ತೂಕ ಅಂದಿಲ್ಲ. ಸರಿಯಾಗಿ ಓದಿ.

ಗಾಳಿಎದುರು:
ಹಿರಿಯರು ಹೇಳಿದ್ರಲ್ಲ, ಅಗತ್ಯ ಅಂತ. ಇನ್ನೇನು ಬೇಕು?

ಹಳೇ ಬಲಾಟಾ:
ದಾರದ ಬಾಲ್‌ಗೆ ಅಗತ್ಯ ಅಂದಿದ್ದು ತಮ್ಮಾ. ಈಗಿನ ಬಾಲ್ ಬಗ್ಗೆ ನಾನು ಏನೂ ಹೇಳಿಲ್ಲ.

ವೆಜ್56:
ಯಾರಾದ್ರೂ ವೆಜ್ ಸ್ಪಿನ್ ಬಗ್ಗೆ ಮಾತಾಡ್ತೀರಾ, ಇಲ್ಲಾ ಎಲ್ಲರೂ ಬಕೆಟ್ ಸುತ್ತಾನೇ ನಿಂತಿರ್ತೀರಾ? ಒದ್ದೆ ಹುಲ್ಲಲ್ಲಿ, ಕ್ಲಬ್ ಮುಖಕ್ಕೂ ಬಾಲ್‌ಗೂ ಮಧ್ಯೆ ನೀರು ಸಿಕ್ಕಾಗ ಯಾವ ಬಾಲ್ ಎಷ್ಟು ಸ್ಪಿನ್ ಉಳಿಸ್ಕೊಳ್ಳುತ್ತೆ ಅನ್ನೋದು ನಿಜವಾದ ಟೆಸ್ಟ್. ನಾನು ವೆಜ್ ಮುಖಕ್ಕೆ ನೀರು ಚಿಮುಕಿಸಿ ಹೊಡೆದಿದ್ದೀನಿ, ಒಣಗಿದ್ದಾಗ ನಿಂತ ಬಾಲ್ ಒದ್ದೆಯಾದ್ರೆ ಗ್ರೀನ್ ದಾಟಿ ಹೋಯ್ತು.

ಗಾಳಿಎದುರು:
ಬಕೆಟ್ ಅಂತ ಹಗುರಾಗಿ ಮಾತಾಡಬ್ಯಾಡ್ರಿ. ದುಡ್ಡು ಕೊಟ್ಟು ತಂದ ಬಾಲ್‌ನಾಗ ಎರಡು ಕೆಟ್ಟಿದ್ವು ಅಂತ ನಾ ಅಳೆದು ತೋರಿಸಿದ್ರ ನಿಮಗ ಚೇಷ್ಟಾ ಆಗೈತಿ. ಹತ್ತು ಅಡಿ ಪಟ್ ತಪ್ಪಿದ್ರೂ ಒಂದು ಸ್ಟ್ರೋಕ, ಡ್ರೈವರ್ ಮುನ್ನೂರು ಹೋದ್ರೂ ಒಂದು ಸ್ಟ್ರೋಕ.

ವೆಜ್56:
ಒದ್ದೆ ವೆಜ್ ಅಂದೆ ನಾನು. ಯಾರೂ ಓದಲ್ಲ ಇಲ್ಲಿ.

ಲೆಕ್ಕದ ಮೇಷ್ಟ್ರು:
ಇದನ್ನ ಕೂತು ಜಗಳ ಆಡೋ ಬದಲು ಮಾಡಿ ನೋಡಬಹುದು. ಗಾಳಿಎದುರು ಅವರೇ, ಆ ಎರಡು ಸೆಕೆಂಡಿನ ಬಾಲ್ ಇನ್ನೂ ಇದೆ ತಾನೆ? ನೇರ ಪಟ್ ಸಿಗೋ ಸಮತಟ್ಟಾದ ಜಾಗ ಹುಡುಕಿ. ಚುಕ್ಕಿಯನ್ನ ನಿಮಗೆ ಕಾಣದ ಹಾಗೆ ಬಿಳಿ ಬಣ್ಣದಲ್ಲಿ ಮುಚ್ಚಿ, ಬಾಲ್ ಬುಡದಲ್ಲಿ ಇನ್ನೊಬ್ಬರಿಗಷ್ಟೇ ಗೊತ್ತಾಗೋ ಗುರುತು ಇರಲಿ. ಎಡ, ಬಲ, ಮೇಲೆ, ಮೂರು ಥರಾನೂ ಇಪ್ಪತ್ತಿಪ್ಪತ್ತು, ಕಲಸಿ ಕಲಸಿ ಅವರೇ ಇಡಲಿ. ಪಟರ್ ಬದಲು ಒಂದು ಇಳಿಜಾರು ಹಲಗೆ ಮೇಲಿಂದ ಬಿಟ್ರೆ ಇನ್ನೂ ಚೆನ್ನ, ಕೈಯೇ ಇರಲ್ಲ. ಎಲ್ಲಿ ನಿಂತಿತು ಅಂತ ಟೇಪ್‌ನಲ್ಲಿ ಅಳೀರಿ.

ಗಾಳಿಎದುರು:
ಹಲಗಿ ಮ್ಯಾಲಿಂದ ಬಿಟ್ಟದ್ದು ಪಟ್ ಆಗೂದಿಲ್ಲ, ಪಟರ್‌ಲೆ ಹೊಡದಾಗ ಬಾಲ್ ಮೊದ್ಲ ಸ್ವಲ್ಪ ಜಾರ್ತೈತಿ, ಆಮ್ಯಾಲೆ ಉಳ್ಳತೈತಿ. ಹಲಗಿಯಿಂದ ಬಿಟ್ರ ಮೊದಲಿಂದ ಉಳ್ಳೂದ. ನಾ ಪಟರ್‌ಲೆನ ಮಾಡ್ತೀನಿ.

ಹದಿನೆಂಟನೇ ಗ್ರೀನ್:
ನೋಡಿ, ಹಲಗೆ ಅಂದ ಕೂಡ್ಲೇ ಹಿಂದೆ ಸರಿದ್ರು.

ಗಾಳಿಎದುರು:
ಹಿಂದ ಸರಿದಿಲ್ಲ. ಅರವತ್ತೂ ಹೊಡೀತೀನಿ, ಬಾಲ್ ಇಡಾಕ ನನ್ನ ತಮ್ಮ ಬರ್ತಾನ. ಬಲಕ್ಕ ಹೋತಂದ್ರ ನೀವು ಇಲ್ಲೇ ಬಂದು ಒಪ್ಕೋಬೇಕು.

ಹದಿನೆಂಟನೇ ಗ್ರೀನ್:
ಒಂದು ಕೆಟ್ಟ ಬಾಲ್ ಬಾಗಿದ್ರೆ ಒಪ್ಪುದು ಎಂತ? ಕೆಟ್ಟ ಬಾಲ್ ಇರಬಹುದು ಅಂತ ನಾನು ಯಾವಾಗ ಇಲ್ಲ ಅಂದೆ? ಅದರಿಂದ ನಿಮ್ಮ ಸ್ಕೋರ್ ಹೋಗ್ತದೆ ಅಂದದ್ದಕ್ಕೆ ನನ್ನ ತಕರಾರು.

ಬ್ಯಾಕ್‌ನೈನ್:
ನನ್ನ ಟೆಸ್ಟ್ ಬಗ್ಗೆ ಪೋಸ್ಟ್ ಇದು ಅಂತ ಎಲ್ಲರಿಗೂ ಮರೆತೇಹೋಯ್ತು. ರಡಾರ್ ಬಗ್ಗೆ ಕೇಳಿದ್ದಕ್ಕೆ ಹೇಳ್ತೀನಿ, ರಿಪೋರ್ಟ್ ಮತ್ತೆ ತೆಗೆದು ನೋಡ್ದೆ, ಮೂವತ್ತರಲ್ಲಿ ಹನ್ನೊಂದು ಹೊಡೆತಕ್ಕೆ ಸ್ಪಿನ್ ಅಂಕಿ ಪಕ್ಕದಲ್ಲಿ ಅಂದಾಜು ಅನ್ನೋ ಗುರುತಿದೆ, ಅದರಲ್ಲಿ ಏಳು ಬಿ ಬಾಲ್‌ದೇ. ಅದಕ್ಕೆ ಸ್ಪಿನ್ ಮಾತು ಸದ್ಯಕ್ಕೆ ಬಿಡೋಣ. ಆದ್ರೆ ಕ್ಯಾರಿಗೆ ಬಾಲ್ ಸ್ಪೀಡೇ ಮುಖ್ಯ, ಬಾಲ್ ಸ್ಪೀಡ್ ಅಂದಾಜಲ್ಲ, ಅಳೆದಿದ್ದೇ. ಸಿ ಬಾಲ್ ಹಿಂದಿದೆ ಅನ್ನೋ ನನ್ನ ಮಾತು ಅಲ್ಲೇ ಇದೆ. ಮುಂದಿನ ವಾರ ಹೊರಗಡೆ ಮಾಡ್ತೀನಿ, ಎ-ಬಿ-ಸಿ ಚೀಟಿ ಎತ್ತಿ, ಯಾವುದು ಬಂತೋ ಅದನ್ನ ಹೊಡೀತೀನಿ.

ಲೆಕ್ಕದ ಮೇಷ್ಟ್ರು:
ಕ್ಯಾರಿಯನ್ನ ಆ ಮೆಶಿನ್ ಸ್ಪೀಡು, ಕೋನ, ಸ್ಪಿನ್ ಮೂರೂ ಸೇರಿಸಿ ಲೆಕ್ಕ ಹಾಕಿ ಹೇಳಿದ್ದು ಸ್ವಾಮಿ. ಪರದೆ ಆಚೆ ಬಾಲ್ ಹಾರೇ ಇಲ್ಲ. ಸ್ಪಿನ್ ಬಿಟ್ರೆ ನಿಮ್ಮ 224ನ್ನೂ ಬಿಡ್ಬೇಕು. ಹೊರಗಡೆ ಚೀಟಿ ಎತ್ತಿ ಹೊಡೀರಿ, ಒಂದೊಂದಕ್ಕೆ ನಲವತ್ತು.

ಬ್ಯಾಕ್‌ನೈನ್:
ನಲವತ್ತು ಆಗಲ್ಲ, ಇಪ್ಪತ್ತೈದು ಹೊಡೀತೀನಿ.

ವೆಜ್56:
ಅದರಲ್ಲಿ ಐವತ್ತು ಯಾರ್ಡ್ ವೆಜ್ ಹತ್ತಾದ್ರೂ ಸೇರಿಸಿ.

ಗಾಳಿಎದುರು:
ಹೊಡಿಯೂಕಿಂತ ಮೊದ್ಲ ತೇಲಿಸ್ರಿ. ಸೋಪು ಮರೀಬ್ಯಾಡ್ರಿ, ಎರಡ ಹನಿ.