ಪದಚರ್ಚೆ: ಮೋಟರಿಗೆ "ಅರ್ತ್ ಇದೆ" ಅಂದರೆ ಒಳ್ಳೆಯದೋ, ಕೆಟ್ಟದ್ದೋ?

ಎಲ್ಲರಿಗೂ ನಮಸ್ಕಾರ.

ನಾನು ಕೊಡಗಿನ ಸಿದ್ದಾಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್. ಚೆಕ್‌ರೋಲ್ (ಕೆಲಸಗಾರರ ಹಾಜರಿ ಪಟ್ಟಿ) ಬರೆಯುವುದು, ಕೂಲಿ ಲೆಕ್ಕ, ಪಲ್ಪರ್ ಹೌಸಿನ (ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಯಂತ್ರದ ಮನೆ) ಉಸ್ತುವಾರಿ ನನ್ನ ಕೆಲಸ. ಪಲ್ಪರ್ ಹೌಸಿಗೂ ಕೆರೆ ಹತ್ತಿರದ ಪಂಪ್ ಹೌಸಿಗೂ ಕನ್ನಡದಲ್ಲಿ ಒಂದೊಂದು ಬೋರ್ಡ್ ಬರೆಸಬೇಕಾಗಿದೆ. ನಾಲ್ಕೇ ಸಾಲು. ಮೂರು ಬರೆದಾಯಿತು. ಉಳಿದ ಒಂದರಲ್ಲಿ ಒಂದು ಪದಕ್ಕೆ ಬಂದು ನಿಂತಿದ್ದೇನೆ. ಆ ಪದ "ಅರ್ತ್".

ಮೊದಲು ನಡೆದದ್ದು ಹೇಳುತ್ತೇನೆ. ಹೋದ ವರ್ಷ ಜನವರಿ. ಹಣ್ಣು ಜಾಸ್ತಿ ಬಂದಿತ್ತು, ಕತ್ತಲಾದ ಮೇಲೂ ಪಲ್ಪರ್ ಓಡುತ್ತಿತ್ತು. ನೆಲವೆಲ್ಲ ಒದ್ದೆ, ಸಿಪ್ಪೆಯ ಲೋಳೆ ಬೇರೆ. ಮೋಟರ್ ನೋಡಲು ಬಂದಿದ್ದ ಹುಡುಗ ಟೆಸ್ಟರ್ ಇಟ್ಟು ನೋಡಿ, ಸ್ವಿಚ್ ಆಫ್ ಮಾಡಿ, ಬಾಗಿಲಿನಿಂದ ಕೂಗಿದ: "ಸಾರ್, ಮೋಟರಿಗೆ ಅರ್ತ್ ಇದೆ!" ನಾನು ಕಣದಲ್ಲಿ ತೂಕ ಬರೆಯುತ್ತಿದ್ದೆ. "ಇದ್ರೆ ಒಳ್ಳೇದಾಯ್ತಲ್ಲ, ಓಡ್ಸಿ" ಅಂದೆ. ಹುಡುಗ ಸ್ಪ್ಯಾನರ್ ತರಲು ಬೈಕಿನ ಹತ್ತಿರ ಹೋಗಿದ್ದ, ನನ್ನ ಮಾತು ಅವನಿಗೆ ಕೇಳಿಸಲಿಲ್ಲ. ಒಳಗಿದ್ದವರಿಗೆ ಕೇಳಿಸಿತು. ಸ್ವಿಚ್ ಹಾಕಿದರು. ಹಣ್ಣು ತಳ್ಳುತ್ತಿದ್ದ ಅಕ್ಕ ಒಬ್ಬರು ಬಗ್ಗುವಾಗ ಮೋಟರಿನ ಮೇಲೆ ಕೈ ಊರಿದರು. ಎಸೆದ ಹಾಗೆ ಹಿಂದಕ್ಕೆ ಹೋಗಿ ತೊಟ್ಟಿಯ ಅಂಚಿಗೆ ಬಿದ್ದರು. ಮುಂಗೈ ಮೂಳೆ ಮುರಿಯಿತು. ಈಗ ಹುಷಾರಾಗಿದ್ದಾರೆ, ಕೆಲಸಕ್ಕೂ ಬರುತ್ತಿದ್ದಾರೆ. ಆದರೆ ಅವರನ್ನು ನೋಡಿದಾಗಲೆಲ್ಲ ನನಗೆ ಆ ಒಂದು ಮಾತು ನೆನಪಾಗುತ್ತದೆ.

ಹುಡುಗ ಹೇಳಿದ್ದು, ಮೋಟರಿನ ಬಾಡಿಗೆ ಕರೆಂಟ್ ಬರುತ್ತಿದೆ ಅಂತ. ನಾನು ತಿಳಿದುಕೊಂಡದ್ದು, ಅರ್ತ್ ತಂತಿ, ಅಂದರೆ ಬಾಡಿಗೆ ಬಂದ ಕರೆಂಟನ್ನು ನೆಲಕ್ಕೆ ಇಳಿಸುವ ತಂತಿ, ಸರಿಯಾಗಿದೆ ಅಂತ. ಅವನು ತಪ್ಪು ಕನ್ನಡ ಮಾತಾಡಲಿಲ್ಲ. ನಮ್ಮ ಕಡೆ ಎರಡಕ್ಕೂ ಅದೇ ಮಾತು.

ಆಮೇಲೆ ನಾನು ಸುತ್ತಮುತ್ತ ಜನ ಹೇಗೆ ಹೇಳುತ್ತಾರೆ ಎಂದು ಕಿವಿಗೊಟ್ಟು ಕೇಳತೊಡಗಿದೆ. "ಅರ್ತ್ ಹಾಕಿದೀವಿ", "ಅರ್ತ್ ಕೊಟ್ಟಿದೀವಿ" ಅಂದರೆ ರಕ್ಷಣೆ. "ಅರ್ತ್ ಆಗಿದೆ", "ಅರ್ತ್ ಬರ್ತಿದೆ", "ಅರ್ತ್ ಹೊಡೀತಿದೆ" ಅಂದರೆ ದೋಷ. ಆನೆ ತಡೆಯುವ ಸೋಲಾರ್ ಬೇಲಿಗೆ ಬಳ್ಳಿಯೋ ಹುಲ್ಲೋ ತಾಗಿ ಜೋರು ಕಡಿಮೆಯಾದರೂ "ಬೇಲಿ ಅರ್ತ್ ಆಗಿದೆ" ಅನ್ನುತ್ತಾರೆ. ಮನುಷ್ಯ ಮಾಡಿದ್ದಕ್ಕೆ ಹಾಕು, ಕೊಡು. ತಾನಾಗಿ ಆದದ್ದಕ್ಕೆ ಆಗು, ಬರು, ಹೊಡೆ. ವ್ಯತ್ಯಾಸವನ್ನೆಲ್ಲ ಹೊತ್ತಿರುವುದು ಕ್ರಿಯಾಪದ. "ಇದೆ" ಅಂದ ಕೂಡಲೇ ಆ ವ್ಯತ್ಯಾಸ ಅಳಿಸಿಹೋಗುತ್ತದೆ. ಆವತ್ತು ನಮ್ಮ ಹುಡುಗನ ಬಾಯಿಗೆ ಬಂದದ್ದು "ಇದೆ".

ಬರೆಯುವಾಗ ಇನ್ನೊಂದು ತೊಡಕು. ಅರ್ತ್, ಅರ್ಥ್, ಅರ್ತಿಂಗ್, ಅರ್ಥಿಂಗ್, ಎಲ್ಲವನ್ನೂ ನೋಡಿದ್ದೇನೆ. ಒಂದು ಲೈನ್‌ಮನೆಯ (ಕೆಲಸಗಾರರ ಸಾಲುಮನೆ) ಪ್ಲಗ್ ಪಕ್ಕ ಚಾಕ್‌ಪೀಸಿನಲ್ಲಿ "ಅರ್ಥ ಇಲ್ಲ" ಎಂದು ಬರೆದಿತ್ತು. ಬರೆದವರು ಕಾಳಜಿಯಿಂದಲೇ ಬರೆದದ್ದು. ಅಲ್ಲಿ ಇಸ್ತ್ರಿಪೆಟ್ಟಿಗೆ ಹಾಕಬೇಡಿ ಅನ್ನುವುದು ಅದರ ಉದ್ದೇಶ. ಹೊಸದಾಗಿ ಬಂದವರಿಗೆ ಅದರಿಂದ ಏನು ತಿಳಿಯಬೇಕು ಹೇಳಿ? ಹಾಗಾಗಿ ನಾನು ತ ಒತ್ತಿಕೊಂಡು "ಅರ್ತ್" ಎಂದೇ ಬರೆಯುತ್ತೇನೆ. ಥ ಬೇಡ.

ಯಂತ್ರದ ಪುಸ್ತಕಗಳಲ್ಲಿ ಈಗ "ಗ್ರೌಂಡ್", "ಗ್ರೌಂಡ್ ಫಾಲ್ಟ್" ಅಂತಲೂ ಇರುತ್ತದೆ. ಅದು ಅಮೆರಿಕದವರ ಮಾತು, ನಮಗೆ ಬಂದದ್ದು ಇಂಗ್ಲೆಂಡಿನವರ ಅರ್ತ್. ಕೊಡಗಿನಲ್ಲಿ ಗ್ರೌಂಡ್ ಅಂದರೆ ಹಾಕಿ ಗ್ರೌಂಡ್, ಅಷ್ಟೇ. ಅದನ್ನು ಬೋರ್ಡಿಗೆ ತರುವ ಯೋಚನೆ ನನಗಿಲ್ಲ.

ಹಾಗಾದರೆ ಕನ್ನಡದ್ದೇ ಪದ? ಪಠ್ಯಪುಸ್ತಕದ "ಭೂಸಂಪರ್ಕ" ನೋಡಿದೆ. ಅರ್ತ್ ತಂತಿಗೆ ಅದು ಸರಿಯಾದ ಪದವೇ, ಆದರೆ ಪಲ್ಪರ್ ಹೌಸಿನಲ್ಲಿ ಯಾರ ಬಾಯಲ್ಲೂ ಇಲ್ಲ. "ಮಣ್ಣುತಂತಿ" ಅಂತ ಒಬ್ಬರು ಹೇಳಿದರು. ಮಣ್ಣು ಮಾಡುವುದು ಅಂದರೆ ನಮ್ಮಲ್ಲಿ ಹೆಣ ಹೂಳುವುದು. ಕೆಲಸದ ಜಾಗದಲ್ಲಿ ಯಾರೂ ಆ ಪದ ಇಷ್ಟಪಡಲಿಲ್ಲ. "ನೆಲತಂತಿ" ಚೆನ್ನಾಗಿದೆ, ಆದರೆ ನೆಲದ ಮೇಲೆ ಬಿದ್ದ ತಂತಿ ಎಂದುಕೊಂಡವರೂ ಇದ್ದಾರೆ. ಅಸ್ಸಾಂ ಕಡೆಯಿಂದ ಬಂದ ಕೆಲಸಗಾರರು ನಮ್ಮಲ್ಲಿ ಜಾಸ್ತಿ. ಅವರು ಕನ್ನಡ ಮಾತಾಡುತ್ತಾರೆ, ಓದುವುದಿಲ್ಲ. ಬೋರ್ಡನ್ನು ಯಾರೋ ಅವರಿಗೆ ಓದಿ ಹೇಳಬೇಕು. "ಅರ್ತ್" ಅವರಿಗೂ ಗೊತ್ತು. ಅದಕ್ಕೆ ನನ್ನ ಅಭಿಪ್ರಾಯ ಇಷ್ಟು: ರಕ್ಷಣೆಯ ತಂತಿಗೆ "ಅರ್ತ್" ಇರಲಿ. ದೋಷಕ್ಕೆ ಮಾತ್ರ ಬೇರೆ ಪದ ಬೇಕು, ಎರಡೂ ಒಂದೇ ಪದದಲ್ಲಿ ಇರಬಾರದು.

ದೋಷಕ್ಕೆ "ಸೋರಿಕೆ" ಅಂತ ಸುಲಭವಾಗಿ ಹೇಳಬಹುದಿತ್ತು. ಆದರೆ ಪತ್ರಿಕೆಯಲ್ಲಿ "ವಿದ್ಯುತ್ ಸೋರಿಕೆ" ಅಂದರೆ ಲೈನಿನಲ್ಲಿ ನಷ್ಟವಾದದ್ದು, ಕದ್ದದ್ದು. ಅದನ್ನು ಓದಿದವರು ಬಿಲ್ಲಿನ ಬಗ್ಗೆ ಯೋಚಿಸುತ್ತಾರೆ, ಪ್ರಾಣದ ಬಗ್ಗೆ ಅಲ್ಲ.

ನನ್ನ ಮನಸ್ಸು ಹೋಗಿರುವುದು "ಒಸರು" ಎಂಬ ಪದದ ಕಡೆ. ಸೋರುವುದು ಕಣ್ಣಿಗೆ ಕಾಣುತ್ತದೆ. ಹೆಂಚು ಸೋರುತ್ತದೆ, ಕೆಳಗೆ ಪಾತ್ರೆ ಇಡುತ್ತೇವೆ. ಒಸರುವುದು ಹಾಗಲ್ಲ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆ ಹಿಡಿದಾಗ ಅಡುಗೆಮನೆ ಗೋಡೆ ನೋಡಲು ಮೊದಲಿನ ಹಾಗೇ ಇರುತ್ತದೆ, ಕೈಯಿಟ್ಟರೆ ತಣ್ಣಗೆ ಅಂಟುತ್ತದೆ. "ಗೋಡೆ ಒಸರ್ತಿದೆ" ಅನ್ನುತ್ತಿದ್ದರು ನಮ್ಮಮ್ಮ. ಮುಟ್ಟಿದ ಮೇಲೆಯೇ ಗೊತ್ತಾಗುವುದು. ಮೋಟರಿನ ಸುರುಳಿಯ ತಂತಿಯಲ್ಲಿ ಇನ್ಸುಲೇಷನ್ ಹಳತಾಗಿ ಕರೆಂಟು ಬಾಡಿಗೆ ಬರುವುದೂ ಹೀಗೇ ಅಲ್ವಾ? ಮೋಟರ್ ಓಡುತ್ತಲೇ ಇರುತ್ತದೆ, ಸದ್ದೂ ಬದಲಾಗುವುದಿಲ್ಲ.

ಇನ್ನೊಂದು ಕಾರಣವೂ ಇದೆ. 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದ ಮೇಲೆ, ಬರೆಯಲ್ಲಿ, ಅಂದರೆ ಕಡಿದಾದ ಗುಡ್ಡದ ಮಗ್ಗುಲಲ್ಲಿ, ನೀರು ಒಸರಿದರೆ ಕೊಡಗಿನವರು ಸುಮ್ನೆ ಕೂರುವುದಿಲ್ಲ. ಮನೆಯ ಹಿಂದೆ ಹೋಗಿ ನೋಡುತ್ತಾರೆ, ಪಕ್ಕದವರನ್ನು ಕರೆಯುತ್ತಾರೆ, ಕೆಲವರು ರಾತ್ರಿ ಬೇರೆಡೆ ಮಲಗುತ್ತಾರೆ. ಆ ಪದದಲ್ಲೇ ಎಚ್ಚರ ಇದೆ. "ಮೋಟರಲ್ಲಿ ಕರೆಂಟ್ ಒಸರ್ತಿದೆ" ಅಂತ ಆ ಹುಡುಗ ಕೂಗಿದ್ದರೆ ನಾನು "ಓಡ್ಸಿ" ಅನ್ನುತ್ತಿರಲಿಲ್ಲ. ಇದು ನನಗೆ ಖಚಿತ.

ಎರಡನೇ ಪ್ರಶ್ನೆ ಸ್ವಿಚ್ಚಿನ ಹೆಸರು. ಆ ಘಟನೆಯ ನಂತರ ಪಲ್ಪರ್ ಹೌಸಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿದೆವು, ಕರೆಂಟು ದಾರಿ ತಪ್ಪಿ ಹರಿದರೆ ತಾನಾಗಿ ಆಫ್ ಆಗುವ ಸ್ವಿಚ್ಚು. ಅಂಗಡಿಯಲ್ಲಿ ಅದನ್ನು ಇಎಲ್‌ಸಿಬಿ ಅಂದೇ ಕೇಳಬೇಕು. ನಿಜವಾಗಿ ಹಳೆಯ ಇಎಲ್‌ಸಿಬಿ ಬೇರೆ, ಅದು ಅರ್ತ್ ತಂತಿಯಲ್ಲಿ ವೋಲ್ಟೇಜ್ ಏರಿತಾ ಎಂದು ನೋಡುತ್ತಿತ್ತು. ಈಗಿನದು ಲೆಕ್ಕ ನೋಡುತ್ತದೆ. ಒಳಗೆ ಒಂದು ಬಳೆ ಇದೆ, ಹೋಗುವ ತಂತಿ ಬರುವ ತಂತಿ ಎಲ್ಲವೂ ಅದರೊಳಗೆ ಹಾಯ್ದಿರುತ್ತವೆ. ಹೋದಷ್ಟೇ ಕರೆಂಟು ವಾಪಸ್ ಬಂದರೆ ಸುಮ್ಮನಿರುತ್ತದೆ. 30 ಮಿಲಿ ಆಂಪಿಯರ್ ಕಡಿಮೆ ಬಂದರೂ 0.3 ಸೆಕೆಂಡಿನ ಒಳಗೆ ಬಿದ್ದು ಕರೆಂಟು ಕಡಿಯುತ್ತದೆ. ನಮ್ಮ ಜನಕ್ಕೆ ನಾನು ಚೆಕ್‌ರೋಲ್ ತೋರಿಸಿ ಹೇಳಿದೆ. ಬೆಳಿಗ್ಗೆ 40 ಜನ ಕಾಡಂಚಿನ ಬ್ಲಾಕಿಗೆ ಹೋದರೆ ಸಂಜೆ 40 ಜನ ಬರಬೇಕು. 39 ಬಂದರೆ ಜೀಪು ಹೊರಡುವುದಿಲ್ಲ, ಒಬ್ಬರು ಎಲ್ಲಿ ಎಂದು ಹುಡುಕುತ್ತೇವೆ. ಈ ಸ್ವಿಚ್ಚು ಮಾಡುವುದೂ ಅದೇ. ಎಲ್ಲರಿಗೂ ಅರ್ಥವಾಯಿತು. ಹಾಗಾಗಿ "ತಾಳೆ ಸ್ವಿಚ್" ಅನ್ನಬಹುದಾ ಎಂದು ಯೋಚಿಸಿದೆ, ಲೆಕ್ಕ ತಾಳೆ ನೋಡುವ ಸ್ವಿಚ್ಚು. ನಿಮಗೆ ಹೇಗನ್ನಿಸುತ್ತದೆ?

ಪಕ್ಕದಲ್ಲಿರುವ ಎಂಸಿಬಿಯನ್ನೂ (ಕರೆಂಟು ಮಿತಿ ಮೀರಿದರೆ ಬೀಳುವ ಸ್ವಿಚ್ಚು) ಇದನ್ನೂ ಜನ ಒಂದೇ ಅಂದುಕೊಂಡಿದ್ದಾರೆ. "ಎಂಸಿಬಿ ಇದೆಯಲ್ಲ ಸಾರ್, ಬೀಳುತ್ತೆ" ಅನ್ನುತ್ತಾರೆ. 16 ಆಂಪಿಯರಿನ ಎಂಸಿಬಿ ತಂತಿ ಸುಡದ ಹಾಗೆ ಕಾಯುತ್ತದೆ. ಮನುಷ್ಯನ ಮೈಯಲ್ಲಿ ಹರಿದು ಜೀವ ತೆಗೆಯುವ ಕರೆಂಟು ಅದರ ಲೆಕ್ಕಕ್ಕೇ ಸಿಗುವುದಿಲ್ಲ. ಅರ್ತ್ ತಂತಿ ಹೂತ ಗುಂಡಿ ಇದ್ದರೂ ಅಷ್ಟೇ. ಫೆಬ್ರವರಿಯಲ್ಲಿ ಗುಂಡಿ ಒಣಗಿ ಅದರ ತಡೆ 20 ಓಮಿಗೆ ಏರಿದೆ ಅಂದುಕೊಳ್ಳಿ. 230 ವೋಲ್ಟಿಗೆ ಹರಿಯುವುದು 11.5 ಆಂಪಿಯರ್. 16ರ ಎಂಸಿಬಿ ಅದನ್ನು ಇಡೀ ದಿನ ಹೊತ್ತುಕೊಂಡು ನಿಲ್ಲುತ್ತದೆ, ಮೋಟರಿನ ಬಾಡಿಯಲ್ಲಿ ಅಷ್ಟು ಹೊತ್ತೂ ಕರೆಂಟು ಇರುತ್ತದೆ. ಅರ್ತ್ ಕೊಟ್ಟ ಮೋಟರಿಗೆ ಆರ್‌ಸಿಸಿಬಿಯೂ ಇದ್ದರೆ ಯಾರೂ ಮುಟ್ಟುವ ಮೊದಲೇ ಬೀಳುತ್ತದೆ. ಅರ್ತ್ ಇಲ್ಲದಿದ್ದರೂ ಅದು ಬೀಳುತ್ತದೆ, ಆದರೆ ಒಬ್ಬರು ಮುಟ್ಟಿದ ಮೇಲೆ. ಎರಡೂ ಬೇಕು ಎನ್ನುವುದಕ್ಕೆ ಬೋರ್ಡಿನಲ್ಲಿ ಒಂದು ಸಾಲು ಇಟ್ಟಿದ್ದೇನೆ.

ಪದದ ವಿಷಯದಲ್ಲಿ ಇನ್ನೊಂದು ಸಂಗತಿ ನಿಮ್ಮ ಮುಂದೆ ಇಡಬೇಕು. ಕನ್ನಡದಲ್ಲಿ ಕರೆಂಟು "ಹೊಡೆಯುತ್ತದೆ", ಕರೆಂಟು "ಹಿಡಿಯುತ್ತದೆ". ಎರಡೂ ಬೇರೆ ಬೇರೆ. "ಹೊಡೀತು" ಅಂದವರು ತಾವೇ ಎದ್ದು ಬಂದು ಹೇಳುತ್ತಿರುತ್ತಾರೆ. "ಹಿಡ್ಕೊಂತು" ಅನ್ನುವುದನ್ನು ಸಾಮಾನ್ಯವಾಗಿ ನೋಡಿದವರು ಹೇಳುತ್ತಾರೆ. ಕರೆಂಟು ಎಳೆಯುವುದೇನೂ ಇಲ್ಲ, ಮುಂಗೈ ಸ್ನಾಯುಗಳು ಬಿಗಿದು ಕೈ ತಾನಾಗಿ ಮುಚ್ಚಿಕೊಳ್ಳುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಚಾರ್ಲ್ಸ್ ಡಾಲ್ಜಿಯಲ್ ಸ್ವಯಂಸೇವಕರ ಮೇಲೆ ಪರೀಕ್ಷೆ ಮಾಡಿ ಇದನ್ನು ಅಳೆದರು. ಕೈ ಬಿಡಿಸಿಕೊಳ್ಳಲು ಆಗುವ ಮಿತಿ ಗಂಡಸರಲ್ಲಿ ಸರಾಸರಿ 16 ಮಿಲಿ ಆಂಪಿಯರ್, ಹೆಂಗಸರಲ್ಲಿ ಸುಮಾರು 10.5. ಅಮೆರಿಕದಲ್ಲಿ ಬಳಸುವ 5 ಮಿಲಿ ಆಂಪಿಯರಿನ ಗ್ರೌಂಡ್ ಫಾಲ್ಟ್ ಸ್ವಿಚ್ಚನ್ನು 1961ರಲ್ಲಿ ರೂಪಿಸಿದ್ದೂ ಅವರೇ. ಅವರು ಮಿತಿಗೆ ಹೆಸರಿಟ್ಟದ್ದು "ಬಿಡುವ" ಕಡೆಯಿಂದ. ನಮ್ಮವರು ಮೀಟರು ಇಲ್ಲದೆಯೇ "ಹಿಡಿಯುವ" ಕಡೆಯಿಂದ ಅದೇ ಗೆರೆ ಎಳೆದಿಟ್ಟಿದ್ದಾರೆ. ನನಗೆ ಇದು ದೊಡ್ಡ ವಿಷಯ ಅನ್ನಿಸಿತು. ಪಲ್ಪರಿನಲ್ಲಿ ಕೆಲಸ ಮಾಡುವವರು ಹೆಚ್ಚಿನವರು ಹೆಂಗಸರು, ಅದೂ ಒದ್ದೆ ಕೈಯಲ್ಲಿ. ಅವರನ್ನು ಕರೆಂಟು ಬೇಗ ಹಿಡಿಯುತ್ತದೆ. ಅದಕ್ಕೇ ಬೋರ್ಡಿನಲ್ಲಿ "ವಿದ್ಯುದಾಘಾತ" ಬೇಡ, "ಕರೆಂಟ್ ಹಿಡಿದರೆ" ಅಂತಲೇ ಬರೆಸುತ್ತೇನೆ.

ಪತ್ರಿಕೆಯ "ವಿದ್ಯುತ್ ಸ್ಪರ್ಶಿಸಿ ಸಾವು" ಎಂಬ ಮಾತಿನ ಬಗ್ಗೆಯೂ ಒಂದು ಬೇಸರ ಇದೆ. ಕೆಟ್ಟ ಮೋಟರ್ ಮುಟ್ಟಿದವರಿಗೂ, ಮೆಣಸು ಕೊಯ್ಯುವಾಗಲೋ ಮರಗಸಿ (ನೆರಳು ಮರದ ಕೊಂಬೆ ಕಡಿಯುವುದು) ಮಾಡುವಾಗಲೋ ಅಲ್ಯೂಮಿನಿಯಂ ಏಣಿ ಮೇಲಿನ ಲೈನಿಗೆ ತಗುಲಿದವರಿಗೂ ಅದೇ ತಲೆಬರಹ. ನಮ್ಮ ತೋಟಗಳಲ್ಲಿ ಏಣಿಯಿಂದ ಹೋದ ಜೀವಗಳು ಒಂದೆರಡಲ್ಲ. ಆ ಲೈನು 11,000 ವೋಲ್ಟಿನದಾಗಿರಬಹುದು, ಪಲ್ಪರ್ ಹೌಸಿನ ಯಾವ ಸ್ವಿಚ್ಚಿಗೂ ಅದು ಸಂಬಂಧವಿಲ್ಲ. "ಸ್ವಿಚ್ ಹಾಕಿಸಿದೀವಲ್ಲ, ಇನ್ನು ಭಯ ಇಲ್ಲ" ಅಂತ ಒಬ್ಬ ಮೇಸ್ತ್ರಿ ಏಣಿ ಎತ್ತಿಕೊಂಡು ಹೊರಟಿದ್ದನ್ನು ನಾನೇ ಕಂಡಿದ್ದೇನೆ. ಓಡಿಹೋಗಿ ನಿಲ್ಲಿಸಿ, ಬಿದಿರಿನ ಏಣಿ ಕೊಡಿಸಿದೆ. ಲೈನಿನಿಂದ ದೂರವೇ ಇರಬೇಕು, ಹಸಿ ಬಿದಿರಾದರೆ ಅದನ್ನೂ ನಂಬುವ ಹಾಗಿಲ್ಲ ಎಂದೂ ಹೇಳಿದೆ.

ಬೋರ್ಡಿನ ಸಾಲುಗಳು ಈಗ ಹೀಗಿವೆ (ಟಿ ಬಟನ್ ಇರುವ ಸ್ವಿಚ್ ಅಂದರೆ ಆರ್‌ಸಿಸಿಬಿ, ಟಿ ಅಂದರೆ ಟೆಸ್ಟ್):

ಮೋಟರ್ ಮುಟ್ಟಿದಾಗ ಜುಮ್ ಅಂದರೆ ಕರೆಂಟ್ ಒಸರುತ್ತಿದೆ. ಮೈನ್ ಆಫ್ ಮಾಡಿ, ರೈಟರಿಗೆ ಹೇಳಿ.
ಅರ್ತ್ ತಂತಿ ಬಿಚ್ಚಬೇಡಿ. ಅರ್ತ್ ತಂತಿ, ಟಿ ಬಟನ್ ಇರುವ ಸ್ವಿಚ್, ಎರಡೂ ಇದ್ದರೆ ಮಾತ್ರ ಮೋಟರ್ ಓಡಿಸಿ.
ಟಿ ಬಟನ್ ತಿಂಗಳಿಗೊಮ್ಮೆ ಒತ್ತಿ. ಸ್ವಿಚ್ ಬೀಳದಿದ್ದರೆ ಕೆಲಸ ನಿಲ್ಲಿಸಿ.
ಯಾರನ್ನಾದರೂ ಕರೆಂಟ್ ಹಿಡಿದರೆ ಅವರನ್ನು ಮುಟ್ಟಬೇಡಿ. ಮೊದಲು ಮೈನ್ ಆಫ್ ಮಾಡಿ.

ನಾನು ನಿಂತಿರುವುದು ಮೊದಲನೇ ಸಾಲಿನ "ಒಸರುತ್ತಿದೆ" ಮೇಲೆ. ಮಡಿಕೇರಿ, ಸುಳ್ಯ ಕಡೆಯವರಿಗೆ ಇದು ತಟ್ಟನೆ ತಿಳಿಯುತ್ತದೆ. ಕುಶಾಲನಗರದಿಂದ ಆಚೆ, ಪಿರಿಯಾಪಟ್ಟಣ ಹುಣಸೂರಿನಿಂದಲೂ ನಮ್ಮಲ್ಲಿಗೆ ಕೊಯ್ಲಿಗೆ ಬರುತ್ತಾರೆ. ಆ ಕಡೆಯವರು ದಯವಿಟ್ಟು ಹೇಳಿ, ನಿಮ್ಮಲ್ಲಿ ನೀರು ಒಸರುತ್ತದೋ, ಜಿನುಗುತ್ತದೋ? ಬೋರ್‌ವೆಲ್ ಮೋಟರ್ ಜಾಸ್ತಿ ಇರುವ ರಾಯಚೂರು, ಕೊಪ್ಪಳ, ತುಮಕೂರಿನವರು, ಮೋಟರ್ ಬಾಡಿಗೆ ಕರೆಂಟ್ ಬಂದರೆ ಏನಂತೀರಿ? "ಅರ್ತ್ ಇದೆ" ಎಂಬ ಮಾತನ್ನು ನಿಮ್ಮೂರಿನ ಎಲೆಕ್ಟ್ರೀಷಿಯನ್‌ಗಳು ಯಾವ ಅರ್ಥದಲ್ಲಿ ಬಳಸುತ್ತಾರೆ? ಒಂದು ಸಲ ಅವರನ್ನೇ ಕೇಳಿ, ಅವರು ಹೇಳಿದ ಹಾಗೇ ಬರೆದು ಕಳಿಸಿ.

ಬೋರ್ಡ್ ಬರೆಯುವವರು ವಿರಾಜಪೇಟೆಯಿಂದ ಮುಂದಿನ ಸೋಮವಾರ ಬರುತ್ತಾರೆ. ಅಷ್ಟರೊಳಗೆ ಉತ್ತರ ಸಿಕ್ಕರೆ ತುಂಬ ಉಪಕಾರ.